‘ಆ ಹುಡುಗನ ಕೊಬ್ಬಿಗೇ ತಂಗಿ ಸತ್ಲು’ ಅನ್ನೋರಿಗೆ ಉತ್ತರ ಕೊಡೋದು ಹೇಗೆ

‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಜಪಾನಿನ ಅನಿಮೇಷನ್ ಪಿಕ್ಚರ್. ಎರಡನೇ ಮಹಾಯುದ್ಧದಲ್ಲಿ ಅಮ್ಮನ್ನ ಕಳ್ಕೊಂಡ ಸೇಯ್ತಾ ಅನ್ನೋ ಹುಡುಗ, ಅವನ ಪುಟ್ಟ ತಂಗಿ ಸೆತ್ಸುಕೊ, ಇಬ್ರೂ ನೆಂಟರ ಆಂಟಿ ಮನೆ ಸೇರ್ತಾರೆ, ಆಮೇಲೆ ಅದನ್ನ ಬಿಟ್ಟು ಇಬ್ಬರೇ ಬದುಕೋಕೆ ಹೋಗಿ ಹಸಿವಿಂದ ಸಾಯ್ತಾರೆ. ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. ಆಮೇಲೆ ಯಾರೋ ಒಬ್ರು ಶುರು ಮಾಡೇ ಮಾಡ್ತಾರೆ, ‘ಅಲ್ಲಾ, ಅವನು ಸುಮ್ನೆ ಆ ಆಂಟಿ ಮನೇಲೇ ಬಿದ್ದಿದ್ರೆ ತಂಗಿ ಬದುಕ್ತಿದ್ಲಲ್ವಾ, ಅಷ್ಟು ಅಹಂಕಾರ ಯಾಕೆ ಬೇಕಿತ್ತು’ ಅಂತ. ನಮ್ಮನೇಲಿ ಶುರು ಮಾಡಿದ್ದು ನನ್ನ ಚಿಕ್ಕಪ್ಪನ ಮಗ. ನನಗೆ ಕೋಪ ಬಂದು ‘ನಿಂಗೆ ಹೃದಯಾನೇ ಇಲ್ಲ ಕಣೋ’ ಅಂದೆ, ಮಾತು ಅಲ್ಲಿಗೇ ಮುಗೀತು, ಅವನ ಅಭಿಪ್ರಾಯ ಮಾತ್ರ ಒಂದಿಂಚೂ ಅಲ್ಲಾಡ್ಲಿಲ್ಲ. ಅದಾದ್ಮೇಲೆ ಆ ಪಿಕ್ಚರ್ ಮತ್ತೆ ಮತ್ತೆ ನೋಡಿದೀನಿ, ಸುಮಾರು ಜನರ ಜೊತೆ ಇದೇ ವಾದ ಮಾಡಿದೀನಿ. ಸೇಯ್ತಾ ಪರವಾಗಿ ಮಾತಾಡ್ಬೇಕು ಅನ್ನೋರಿಗೆ ನನಗೆ ಗೊತ್ತಾಗಿರೋದನ್ನ ಇಲ್ಲಿ ಹೇಳ್ತೀನಿ.

ಮೊದಲನೇದು, ‘ಅವನು ತಪ್ಪೇ ಮಾಡಿಲ್ಲ’ ಅಂತ ಯಾವತ್ತೂ ಶುರು ಮಾಡ್ಬೇಡಿ. ಅಲ್ಲಿಂದ ಶುರು ಮಾಡಿದ್ರೆ ಸೋತ್ರಿ ಅಂತಾನೇ ಲೆಕ್ಕ, ಯಾಕಂದ್ರೆ ತಪ್ಪು ಮಾಡಿದಾನೆ, ಪಿಕ್ಚರೇ ಅದನ್ನ ತೋರಿಸತ್ತೆ. ಹೊಲದ ಹತ್ರ ರೈತ ನೇರವಾಗಿ ಹೇಳ್ತಾನಲ್ಲ, ವಾಪಸ್ ಹೋಗಿ ಕ್ಷಮೆ ಕೇಳಪ್ಪ, ಈಗ ಎಲ್ಲಾ ರೇಷನ್ನು, ನೆರೆಹೊರೆ ಸಂಘಕ್ಕೆ ಸೇರದೇ ಇದ್ರೆ ಏನೂ ಸಿಗಲ್ಲ ಅಂತ, ಇವನು ಹೋಗಲ್ಲ. ನಿರ್ದೇಶಕ ಇಸಾವೊ ತಕಹತಾ ಕೂಡ ಸೇಯ್ತಾನ ದೇವರು ಮಾಡಿ ಕೂರಿಸಿಲ್ಲ, ಸಮಾಜದಿಂದ ಕಳಚ್ಕೊಂಡು ತಂಗಿ ಜೊತೆ ತಂದೇ ಒಂದು ಸಂಸಾರ ಕಟ್ತೀನಿ ಅಂತ ಹೊರಟ ಹುಡುಗ ಸೋತ ಕಥೆ ಅನ್ನೋ ಅರ್ಥದಲ್ಲೇ ಅವ್ರು ಮಾತಾಡಿರೋದು. ಆದ್ರೆ ಅದೇ ತಕಹತಾ, 1988ರಲ್ಲಿ ಪಿಕ್ಚರ್ ಬಂದಾಗಲೇ, ಕಾಲ ಬದಲಾಗಿ ಜನ ಆಂಟಿಗಿಂತ ಜೋರಾಗಿ ಈ ಹುಡುಗನ್ನೇ ಬೈಯೋ ದಿನ ಬರಬಹುದು, ಅದು ನೆನೆಸ್ಕೊಂಡ್ರೆ ಭಯ ಆಗತ್ತೆ ಅನ್ನೋ ಹಾಗೂ ಹೇಳಿದ್ರು. ಹಾಗಾಗಿ ಮೊದಲೇ ಒಪ್ಕೊಂಬಿಡಿ, ‘ಹೌದು, ಹೋಗಬಾರದಿತ್ತು’ ಅಂತ. ಎದುರುಗಡೆಯವ್ರು ಅಷ್ಟಕ್ಕೇ ಸ್ವಲ್ಪ ಮೆತ್ತಗಾಗ್ತಾರೆ, ಆಮೇಲೆ ‘ಯಾಕೆ ಹೋದ’ ಅಂತ ಮಾತಾಡೋಕೆ ಜಾಗ ಸಿಗತ್ತೆ.

ಆಮೇಲೆ ವಯಸ್ಸು ನೆನಪಿಸಿ. ಹದಿನಾಲ್ಕು. ನಮ್ಮಲ್ಲಿ ಒಂಬತ್ತನೇ ಕ್ಲಾಸ್ ಹುಡುಗ. ಅನಿಮೇಷನ್ನಲ್ಲಿ ಮುಖ ದೊಡ್ಡದಾಗಿ, ಗಂಭೀರವಾಗಿ ಕಾಣತ್ತೆ, ತಂಗೀನ ಬೆನ್ ಮೇಲೆ ಹೊತ್ಕೊಂಡು ಓಡಾಡ್ತಾನೆ, ನಾವು ನೋಡ್ತಾ ನೋಡ್ತಾ ಅವನನ್ನ ದೊಡ್ಡೋನು ಅನ್ಕೊಂಬಿಡ್ತೀವಿ, ಇಪ್ಪತ್ತೈದು ವರ್ಷದವನಿಗೆ ಕೇಳೋ ಪ್ರಶ್ನೆ ಅವನಿಗೆ ಕೇಳ್ತೀವಿ. 1945 ಜೂನ್ 5ನೇ ತಾರೀಖು ಅವರಿದ್ದ ಕೋಬೆ ಊರಿನ ಮೇಲೆ ಬೆಂಕಿ ಬಾಂಬ್ ಸುರೀತಾವೆ, ಮನೆ ಹೋಗತ್ತೆ, ಸ್ಕೂಲಲ್ಲಿ ಮೈಯೆಲ್ಲಾ ಬ್ಯಾಂಡೇಜ್ ಸುತ್ತಿದ ಅಮ್ಮನ್ನ ಒಬ್ಬನೇ ನೋಡ್ತಾನೆ, ಅಮ್ಮ ಸತ್ತಿದ್ದನ್ನ ತಂಗಿಗೆ ಹೇಳಲ್ಲ. ಅಪ್ಪ ನೌಕಾಪಡೇಲಿ ಎಲ್ಲಿದಾರೋ ಗೊತ್ತಿಲ್ಲ, ಬರೆದ ಕಾಗದಕ್ಕೆ ಉತ್ತರ ಇಲ್ಲ. ‘ಯಾಕೆ ಕೆಲಸಕ್ಕೆ ಹೋಗ್ಲಿಲ್ಲ’ ಅಂತ ಕೇಳೋರಿಗೆ ಇದನ್ನೂ ಹೇಳಿ, ಅವನನ್ನ ದುಡಿಯೋಕೆ ಹಾಕಿದ್ದ ಉಕ್ಕಿನ ಕಾರ್ಖಾನೆ ಸುಟ್ಟುಹೋಗಿತ್ತು, ಅವನು ಓದ್ತಿದ್ದ ಸ್ಕೂಲೂ ಸುಟ್ಟಿತ್ತು. ಬೇರೆ ಏನಾದ್ರೂ ಹುಡುಕಬಹುದಿತ್ತು, ಸರಿ. ಆದ್ರೆ ಹಗಲೆಲ್ಲ ಹೊರಗಡೆ ಹೋದ್ರೆ ನಾಲ್ಕು ವರ್ಷದ ಸೆತ್ಸುಕೊನ ಯಾರು ನೋಡ್ಕೊಳ್ಳೋರು?

ಈಗ ಮುಖ್ಯವಾದ ವಿಷಯ, ಆ ಮನೆ. ‘ಅಹಂಕಾರ’ ಅನ್ನೋ ಪದ ಯಾರಾದ್ರೂ ತಂದ ತಕ್ಷಣ ನೀವು ‘ಹಂಗು’ ಅನ್ನೋ ಪದ ತನ್ನಿ. ನಮ್ಮ ಭಾಷೇಲಿ ಈ ಪದ ಇರೋದು ನಮ್ಮ ಪುಣ್ಯ, ಹಂಗಿನ ಅನ್ನ ಅಂದ್ರೆ ಏನು ಅಂತ ಕನ್ನಡದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ದಾಯಾದಿಗಳ ಮನೇಲೋ ದೂರದ ನೆಂಟರ ಮನೇಲೋ ಇದ್ಕೊಂಡು ಓದಿದೋರು ನಿಮ್ಮ ಪರಿಚಯದಲ್ಲಿ ಒಬ್ರಾದ್ರೂ ಇರ್ತಾರೆ, ಅವರನ್ನ ಕೇಳಿ, ಎರಡನೇ ಸಲ ಅನ್ನ ಹಾಕಿಸ್ಕೊಳ್ಳೋವಾಗ ಹೇಗನ್ಸತ್ತೆ ಅಂತ. ಪಿಕ್ಚರ್ ಅದನ್ನ ಒಂದು ಸೌಟಿನಲ್ಲಿ ತೋರಿಸತ್ತೆ. ಆಂಟಿ ಗಂಜಿ ಬಡಿಸೋವಾಗ ಮಗಳಿಗೂ ಮನೇಲಿರೋ ಬಾಡಿಗೆಯವನಿಗೂ ತಳದಿಂದ ಗಟ್ಟಿಯಾಗಿರೋದು ಹೋಗತ್ತೆ, ಈ ಇಬ್ಬರ ಬಟ್ಟಲಿಗೆ ಮೇಲಿನ ತಿಳಿ. ಅವರಿಗೆ ಮಧ್ಯಾಹ್ನಕ್ಕೆ ಅನ್ನದ ಉಂಡೆ, ಇವರಿಗೆ ಮತ್ತೆ ಗಂಜಿ, ಯಾಕಂದ್ರೆ ಅವ್ರು ದೇಶಕ್ಕೆ ದುಡಿಯೋರು. ಆ ಅಕ್ಕಿ ಬಂದಿದ್ದು ಎಲ್ಲಿಂದ? ಈ ಮಕ್ಕಳ ಅಮ್ಮನ ಕಿಮೋನೊ ಕೊಟ್ಟು ತಂದಿದ್ದು. ಅಮ್ಮನ ಬಟ್ಟೆ ತಗೊಂಡು ಹೋಗೋವಾಗ ಸೆತ್ಸುಕೊ ಎಷ್ಟು ಅಳ್ತಾಳೆ. ಇದೆಲ್ಲ ನೋಡಿದ ಮೇಲೂ ಅಹಂಕಾರ ಅಂದ್ರೆ ಹೇಗೆ? ಮನೆ ಬಿಡೋಕೆ ಮುಂಚೆ ಅವನು ಬ್ಯಾಂಕಿಂದ ದುಡ್ಡು ತೆಗೆದು ಒಂದು ಸಣ್ಣ ಒಲೆ ತರ್ತಾನೆ, ಅದೇ ಮನೇಲಿ ಬೇರೆ ಅಡುಗೆ ಮಾಡ್ಕೋತಾನೆ. ಅಂದ್ರೆ ಒಂದೇ ಸಲ ಬಾಗಿಲು ಒದ್ದು ಹೋಗಿದ್ದಲ್ಲ ಅವನು, ಜಗಳ ಆಡದೇ ಅಲ್ಲೇ ಬದುಕೋಕೆ ನೋಡಿ ಆಮೇಲೇ ಹೋಗಿದ್ದು. ಈ ಒಲೆ ವಿಷಯ ತುಂಬಾ ಜನ ಮರೆತಿರ್ತಾರೆ, ತಪ್ಪದೇ ಹೇಳಿ.

ಇನ್ನೊಂದು ಪ್ರಶ್ನೆ ಬಂದೇ ಬರತ್ತೆ, ‘ಬ್ಯಾಂಕಲ್ಲಿ 7000 ಯೆನ್ ಇತ್ತಲ್ಲ, ಊಟ ತರೋಕೇನಾಗಿತ್ತು’ ಅಂತ. ಇದಕ್ಕೆ ಚಿಕ್ಕ ಉತ್ತರ ಸಾಕು. ದುಡ್ಡಿದ್ದ ಮಾತ್ರಕ್ಕೆ ಅಕ್ಕಿ ಸಿಗೋ ಕಾಲ ಅದಲ್ಲ, ರೇಷನ್ ಬಿಟ್ರೆ ರೈತರ ಹತ್ರ ಕೇಳ್ಬೇಕು, ಅವ್ರು ಮಾರೋಕೆ ನಮ್ಮ ಹತ್ರಾನೇ ಇಲ್ಲ ಅಂತಾರೆ. ಡಾಕ್ಟರ್ ಸೆತ್ಸುಕೊನ ನೋಡಿ ಪೌಷ್ಟಿಕ ಆಹಾರ ಕೊಡಿ ಅಂದಾಗ ಅವನು ಕಿರುಚ್ತಾನಲ್ಲ, ಆಹಾರ ಎಲ್ಲಿ ಸಿಗತ್ತೆ ಅಂತ, ಆ ಕಿರುಚಾಟದಲ್ಲೇ ಉತ್ತರ ಇದೆ.

ಇಲ್ಲಿ ನಮ್ಮ ಕಡೆಯವರೇ ಮಾಡೋ ಒಂದು ದೊಡ್ಡ ತಪ್ಪು ಹೇಳ್ಬೇಕು. ಸೇಯ್ತಾನ ಉಳಿಸೋಕೆ ಹೋಗಿ ಆಂಟೀನ ರಾಕ್ಷಸಿ ಮಾಡಿಬಿಡ್ತಾರೆ. ದಯವಿಟ್ಟು ಮಾಡ್ಬೇಡಿ. ಅವಳೂ ಈ ಪಿಕ್ಚರಿನ ಪಾತ್ರಾನೇ, ಅವಳಿಗೂ ನ್ಯಾಯ ಸಿಗ್ಬೇಕು. ಇಬ್ಬರು ಮಕ್ಕಳು ಬಂದಾಗ ಬಾಗಿಲು ಹಾಕ್ಲಿಲ್ಲ ಅವಳು, ಒಳಗೆ ಕರ್ಕೊಂಡ್ಲು. ಯುದ್ಧದ ಕೊನೇ ತಿಂಗಳುಗಳು, ಮನೇಲಿ ದುಡಿಯೋರಿದಾರೆ, ಅವರ ಹೊಟ್ಟೆ ತುಂಬಿಸ್ಬೇಕು, ಮಡಕೇಲಿರೋದು ಇಷ್ಟೇ. ಮಾತು ಚುಚ್ಚತ್ತೆ ನಿಜ, ಆದ್ರೆ ಅವಳಾಡೋ ಮಾತೆಲ್ಲ ಆಗ ಇಡೀ ದೇಶ ಆಡ್ತಿದ್ದ ಮಾತು. ಅವಳು ಕೆಟ್ಟೋಳು ಅಂತ ತೀರ್ಮಾನ ಕೊಟ್ರೆ ಪ್ರಾಬ್ಲಂ ಒಂದು ಮನೆ ಜಗಳಕ್ಕೆ ಇಳಿದುಹೋಗತ್ತೆ, ಬಾಂಬು, ರೇಷನ್ನು, ಮುಳುಗಿದ ಹಡಗುಗಳು ಎಲ್ಲಾ ಮರೆತೇಹೋಗತ್ತೆ. ಹಸಿವು ಬಂದ್ರೆ ಸಾಧಾರಣ ಒಳ್ಳೇ ಜನಾನೂ ಸೌಟು ಹೇಗೆ ಅದ್ದುತಾರೆ ಅನ್ನೋದನ್ನ ಆ ಪಾತ್ರ ತೋರಿಸತ್ತೆ. ನನಗೆ ಅವಳ ಮೇಲೆ ಕೋಪ ಇವತ್ತಿಗೂ ಇದೆ, ಆದ್ರೂ ವಾದ ಮಾಡೋವಾಗ ಅವಳನ್ನ ಬೈಯೋದು ಬಿಟ್ಟಿದೀನಿ.

ಸೆತ್ಸುಕೊ ಬಗ್ಗೆ ‘ಬರೀ ಅಳುಬುರುಕಿ, ಹಟಮಾರಿ’ ಅನ್ನೋರೂ ಸಿಗ್ತಾರೆ. ಅವರಿಗೆ ನಾಲ್ಕು ವರ್ಷದ ಮಗು ಇರೋ ಯಾವುದಾದ್ರೂ ಮನೇಲಿ ಒಂದು ರಾತ್ರಿ ಇದ್ದು ಬನ್ನಿ ಅನ್ನಿ, ಸಾಕು.

ಎಲ್ಲಕ್ಕಿಂತ ಬಲವಾದ ಮಾತನ್ನ ಕೊನೆಗೆ ಇಟ್ಕೊಳ್ಳಿ. ಸೇಯ್ತಾನ ಬೈಯೋರಿಗೆ ಕೇಳಿ, ಪಿಕ್ಚರ್ ಶುರುವಾಗೋದು ಹೇಗೆ ಅಂತ. 1945 ಸೆಪ್ಟೆಂಬರ್ 21ರ ರಾತ್ರಿ ನಾನು ಸತ್ತೆ ಅಂತ ಅವನೇ ಹೇಳ್ತಾನೆ. ಕೋಬೆಯ ಸನ್ನೊಮಿಯಾ ಸ್ಟೇಷನ್ನಿನ ಕಂಬಕ್ಕೆ ಒರಗಿ ಕೂತಿರೋ ಆ ಅಸ್ಥಿಪಂಜರದಂಥ ಹುಡುಗನ್ನ ಅವನದೇ ಆತ್ಮ ಕೆಂಪು ಬೆಳಕಲ್ಲಿ ನಿಂತು ನೋಡ್ತಾ ಇರತ್ತೆ. ಅಲ್ಲಿಂದಾಚೆ ನಾವು ನೋಡೋದೆಲ್ಲ ಅವನು ಸತ್ತ ಮೇಲೆ ತಿರುಗಿ ನೋಡ್ತಿರೋದು. ಕಿಮೋನೊಗಾಗಿ ತಂಗಿ ಅಳೋವಾಗ ಆತ್ಮ ಕಿವಿ ಮುಚ್ಕೊಂಡು ನಿಂತಿರತ್ತೆ, ಮುಂದಿನ ಸಲ ಗಮನ ಇಟ್ಟು ನೋಡಿ. ‘ಅವನು ತಪ್ಪು ಮಾಡ್ದ’ ಅಂತ ನಾವು ಕಂಡುಹಿಡಿದು ಹೇಳ್ಬೇಕಾಗಿಲ್ಲ, ಅವನಿಗೆ ನಮಗಿಂತ ಮೊದಲೇ ಗೊತ್ತಿದೆ, ಅದನ್ನೇ ಮತ್ತೆ ಮತ್ತೆ ನೋಡ್ತಾ ಇದಾನೆ. ಇದರ ಹಿಂದಿರೋ ಕಥೆ ಬರೆದ ಅಕಿಯುಕಿ ನೊಸಾಕಾ ಅವರದ್ದೂ ಅದೇ ಸಂಕಟ. ಅವರ ಪುಟ್ಟ ತಂಗಿ 1945ರಲ್ಲಿ ಹೊಟ್ಟೆಗಿಲ್ಲದೆ ಸತ್ತಿದ್ದು ನಿಜ, ತಾನು ಸೇಯ್ತಾ ಅಷ್ಟು ಒಳ್ಳೇ ಅಣ್ಣ ಆಗಿರ್ಲಿಲ್ಲ ಅಂತ ಅವರೇ ಹೇಳ್ಕೊಂಡಿದಾರೆ, ಆ ನೋವಲ್ಲೇ 1967ರಲ್ಲಿ ಕಥೆ ಬರೆದ್ರು. ತಕಹತಾ ಕೂಡ ಒಂಬತ್ತು ವರ್ಷದವರಿದ್ದಾಗ ಒಕಾಯಾಮಾ ಊರಿನ ಮೇಲೆ ಬಿದ್ದ ಬಾಂಬಿಂದ ಓಡಿ ಬದುಕಿದವರು. ಇಂಥವರಿಬ್ಬರು ಈ ಹುಡುಗನ್ನ ಎಷ್ಟು ಹತ್ರದಿಂದ ನೋಡಿ ಬರೆದಿದಾರೆ ಅನ್ನೋದನ್ನ ಹೇಳಿ, ಜೋರು ದನಿ ಬೇಡ.

ಇಷ್ಟಾದ್ರೂ ಒಪ್ಪದೇ ಇದ್ರೆ ವಾದ ನಿಲ್ಲಿಸಿ, ಒಂದು ಸೀನ್ ಹಾಕಿ ತೋರಿಸಿ. ಸಾಯೋ ಸ್ಥಿತೀಲಿರೋ ತಂಗಿಗೆ ಅವನು ಕಲ್ಲಂಗಡಿ ತಿನ್ನಿಸೋ ಸೀನ್ ಬೇಡ, ಅದು ಎಲ್ಲರನ್ನೂ ಅಳಿಸತ್ತೆ, ಅತ್ತ ಮೇಲೆ ಮತ್ತೆ ಬೈಯೋಕೆ ಶುರು ಮಾಡ್ತಾರೆ. ಸ್ಕೂಲ್ ಮೈದಾನದ್ದು ಹಾಕಿ. ಅಮ್ಮನ್ನ ಆ ಸ್ಥಿತೀಲಿ ಈಗಷ್ಟೇ ನೋಡಿ ಬಂದಿದಾನೆ, ತಂಗಿ ಅಮ್ಮ ಬೇಕು ಅಂತ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅಳ್ತಿದಾಳೆ, ಇವನಿಗೆ ಏನು ಹೇಳ್ಬೇಕೋ ಗೊತ್ತಾಗಲ್ಲ. ಅಲ್ಲೊಂದು ಕಬ್ಬಿಣದ ಬಾರ್ ಇದೆ. ನೋಡು ಅಂತ ತಂಗಿಗೆ ಹೇಳಿ ಅದನ್ನ ಹಿಡ್ಕೊಂಡು ಒಂದು ಸುತ್ತು ತಿರುಗ್ತಾನೆ, ಇನ್ನೊಂದು ಸುತ್ತು, ಮತ್ತೊಂದು. ಅವಳು ನೋಡ್ತಾನೂ ಇಲ್ಲ, ಅಳ್ತಾನೇ ಇದಾಳೆ. ಅವನು ತಿರುಗ್ತಾನೇ ಇದಾನೆ. ನಮ್ಮ ಚಿಕ್ಕಪ್ಪನ ಮಗನಿಗೆ ಹೋದ ದೀಪಾವಳಿಗೆ ಬಂದಾಗ ಇದೊಂದನ್ನೇ ಹಾಕಿ ತೋರಿಸ್ದೆ. ಮುಗಿದ ಮೇಲೆ ರಿಮೋಟ್ ಇಸ್ಕೊಂಡು ಇನ್ನೊಂದ್ಸಲ ಅವನೇ ಹಾಕ್ದ.