70ರಲ್ಲಿ ನಿಂತ ಮಂಡಿ 120ರ ಹತ್ತಿರ ಬಂದದ್ದು ಹೇಗೆ

ಮಂಡಿ ಚಿಪ್ಪು ಮುರಿದು, ವೈರ್ ಹಾಕಿಸಿಕೊಂಡು, ವಾರಗಟ್ಟಲೆ ಕಾಲು ಚಾಚಿಯೇ ಇಟ್ಟುಕೊಂಡಿದ್ದ ಪೇಷೆಂಟ್. ನನ್ನ ಹತ್ತಿರ ಬರುವ ಹೊತ್ತಿಗೆ ಆಪರೇಷನ್ ಆಗಿ ಹತ್ತಿರ ಹತ್ತಿರ ಮೂರು ತಿಂಗಳು. ಕಾಲು ಪೂರ್ತಿ ನೇರ ಇದ್ದರೆ ಸೊನ್ನೆ, ಬಗ್ಗಿದಷ್ಟೂ ಡಿಗ್ರಿ ಜಾಸ್ತಿ. ಇವರ ಮಂಡಿ 70 ಡಿಗ್ರಿಗೆ ನಿಂತುಬಿಡುತ್ತಿತ್ತು. ಚಾಚುವಾಗಲೂ ಹತ್ತು ಡಿಗ್ರಿ ಕಮ್ಮಿ. ಅದಾಗಲೇ ಇಬ್ಬರು ಫಿಸಿಯೋಗಳ ಕೈ ದಾಟಿದ ಕೇಸು. "ಇದು ನಿಮ್ಮ ಕೈಲಿ ಆಗೋದಲ್ಲ ಕಣ್ರೀ, ಅನಸ್ತೇಷಿಯಾ ಕೊಟ್ಟೇ ಬಗ್ಗಿಸ್ಬೇಕು" ಅಂದರು ಸರ್ಜನ್. ಎಕ್ಸ್-ರೇಯಲ್ಲಿ ಮೂಳೆ ಕೂಡಿದೆ ಅಂತ ಅವರಿಂದಲೇ ಖಚಿತ ಮಾಡಿಕೊಂಡು, ಎರಡು ತಿಂಗಳು ಕೊಡಿ ಅಂದೆ. ಕೈಯಲ್ಲಿ ಒತ್ತುವುದಿಲ್ಲ ಅಂತಲೂ ಹೇಳಿದೆ. ಅದಕ್ಕೆ ನನ್ನಂಥ ಫಿಸಿಯೋಗಳೇ ನಕ್ಕರು.

ಫಲಿತಾಂಶ ಈಗಲೇ ಹೇಳಿಬಿಡುತ್ತೇನೆ. ಬಗ್ಗುವುದು 118ರ ಆಸುಪಾಸು, ಚಾಚುವುದು ಸೊನ್ನೆ. ಅನಸ್ತೇಷಿಯಾ ಬೇಕಾಗಲಿಲ್ಲ. ಆಮೇಲೆ ಇದೇ ದಾರಿಯಲ್ಲಿ ಮಂಡಿ ಬದಲಾಯಿಸಿಕೊಂಡವರು, ಮಂಡಿಯೊಳಗಿನ ಎಸಿಎಲ್ ಅನ್ನುವ ಅಸ್ಥಿರಜ್ಜಿಗೆ ಆಪರೇಷನ್ ಮಾಡಿಸಿಕೊಂಡವರು ಸೇರಿ ಸುಮಾರು ಜನ ಬಂದು ಹೋದರು. ಒಂದು ಸಲ ಆದರೆ ಅದೃಷ್ಟ ಅನ್ನಬಹುದಿತ್ತು, ಈಗ ಹಾಗೆ ಅನ್ನೋಕೆ ಆಗಲ್ಲ.

ಆ ಪೇಷೆಂಟ್‌ಗೆ ಮೊದಲು ಏನೇನು ಮಾಡಿದ್ದರು ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ದಿನಾ ಒಂದು ಸಿಟ್ಟಿಂಗ್. ಹಾಟ್ ಪ್ಯಾಕ್, ಅಲ್ಟ್ರಾಸೌಂಡ್, ಆಮೇಲೆ ಬೋರಲು ಮಲಗಿಸಿ ಕಾಲು ಹಿಡಿದು ಒತ್ತುವುದು. ಒತ್ತುವಾಗ ಪೇಷೆಂಟ್ ಏನು ಮಾಡುತ್ತಿದ್ದರು ಅಂತ ಮೊದಲ ದಿನ ಮಾಡಿಸಿ ನೋಡಿದೆ. ನಾನು ಹಿಮ್ಮಡಿ ಮುಟ್ಟಿದ್ದೇ ತಡ, ಕಾಲ್ಬೆರಳು ಸುರುಳಿ ಸುತ್ತಿಕೊಂಡವು, ಸೊಂಟ ಮೇಲೆದ್ದಿತು, ತೊಡೆ ಕಲ್ಲಾಯಿತು. ಇನ್ನೂ ಒತ್ತೇ ಇರಲಿಲ್ಲ! ತಿಂಗಳುಗಟ್ಟಲೆ ನೋವು ತಿಂದ ಸ್ನಾಯು ನಮ್ಮ ಕೈ ಕಂಡರೆ ಬಾಗಿಲು ಹಾಕಿಕೊಳ್ಳುತ್ತದೆ. ಅಂಥ ಕಡೆ ಗ್ರೇಡ್ ಫೋರ್, ಅಂದರೆ ಕೀಲನ್ನು ಕೊನೆಯ ಅಂಚಿನಲ್ಲಿ ಒತ್ತಿ ಸಣ್ಣಗೆ ಅಲ್ಲಾಡಿಸುವುದು, ಮಾಡುತ್ತೇನೆ ಅಂತ ಹೋದರೆ ನಾವು ಜಗ್ಗಾಡುವುದು ಕೀಲಿನ ಸುತ್ತಲ ಪೊರೆಯಾದ ಕ್ಯಾಪ್ಸೂಲ್ ಜೊತೆಗಲ್ಲ, ತೊಡೆ ಮುಂದಿನ ಸ್ನಾಯು ಕ್ವಾಡ್ರಿಸೆಪ್ಸ್ ಜೊತೆಗೆ.

ಅವರ ಹಳೇ ಚೀಟಿಗಳಲ್ಲಿ ಇನ್ನೊಂದು ವಿಷಯ ಕಂಡಿತು. ಪ್ರತಿ ಸಿಟ್ಟಿಂಗ್ ಕೊನೆಗೆ 78, 80 ಅಂತ ಬರೆದಿದ್ದಾರೆ. ಮರುದಿನ ಶುರುವಿನಲ್ಲಿ ಎಷ್ಟು ಅಂತ ಯಾರೂ ಬರೆದಿಲ್ಲ. ಸಂಜೆ ಸಿಕ್ಕ ಎಂಟು ಡಿಗ್ರಿ ರಾತ್ರಿ ಊತದಲ್ಲಿ ವಾಪಸ್ ಹೋಗುತ್ತಿತ್ತು. ಸಿಟ್ಟಿಂಗ್ ಕೊನೆಯ ಅಳತೆ ಪೇಷೆಂಟ್ ಖುಷಿಗೆ. ನನಗೆ ಬೇಕಾದದ್ದು ಬೆಳಗಿನ ಅಳತೆ, ಏನೂ ಮಾಡದೇ ಇದ್ದಾಗಿನದು. ಕೋನ ಅಳೆಯುವ ಗೋನಿಯೋಮೀಟರ್ ಎಷ್ಟೇ ಹುಷಾರಾಗಿ ಹಿಡಿದರೂ ನಾಲ್ಕೈದು ಡಿಗ್ರಿ ಆಚೆ ಈಚೆ ಆಗುತ್ತದೆ ತಾನೇ? ಅದಕ್ಕೆ ಒಂದು ದಿನದ ಎರಡು ಡಿಗ್ರಿಗೆ ನಾನು ಕುಣಿಯುವುದೂ ಇಲ್ಲ, ಅಳುವುದೂ ಇಲ್ಲ. ವಾರದ ಲೆಕ್ಕ ಮಾತ್ರ ನೋಡುತ್ತೇನೆ.

ಊತಕ್ಕೆ ಅಳತೆ ಟೇಪ್. ಚಿಪ್ಪಿನ ಮಧ್ಯಕ್ಕೆ ಸುತ್ತಳತೆ, ದಿನಾ ಬೆಳಗ್ಗೆ, ಮನೆಯಲ್ಲಿ ಅವರೇ ತೆಗೆದುಕೊಳ್ಳಬೇಕು. ಹಿಂದಿನ ದಿನಕ್ಕಿಂತ ಅರ್ಧ ಸೆಂಟಿಮೀಟರ್‌ವರೆಗೆ ಜಾಸ್ತಿ ಆದರೆ ಸರಿ, ಮುಂದುವರಿಸಿ. ಒಂದು ಸೆಂಟಿಮೀಟರ್ ದಾಟಿದರೆ ಆ ದಿನ ಅರ್ಧ ಕೆಲಸ. ಈ ಗಡಿ ನಾನೇ ಹಾಕಿಕೊಂಡದ್ದು, ಪುಸ್ತಕದಲ್ಲಿ ಹುಡುಕಬೇಡಿ. ಆದರೆ ಕೀಲಿನೊಳಗೆ 20–30 ಎಂಎಲ್ ನೀರು ತುಂಬಿದರೂ ತೊಡೆ ಒಳಬದಿಯ ಸ್ನಾಯು ವಿಎಂಓ ಮಂಕಾಗುತ್ತದೆ ಅನ್ನುವುದು ಓದಿದ್ದೇವಲ್ಲ, ಅದನ್ನು ಕೆಲಸದಲ್ಲಿ ಬಳಸುವವರು ಎಷ್ಟು ಜನ? ಊದಿದ ಮಂಡಿಗೆ ಕಾಲು ನೇರ ಇಟ್ಟು ಎತ್ತುವ ಎಸ್‌ಎಲ್‌ಆರ್ ಮೇಲೆ ಎಸ್‌ಎಲ್‌ಆರ್ ಮಾಡಿಸಿ, ತೊಡೆಗೆ ಶಕ್ತಿ ಬರಲಿಲ್ಲ ಅಂತ ಪೇಷೆಂಟ್‌ನ ಬೈಯುವುದು ಸುಮ್ನೆ.

ಇನ್ನು ಮಾಡಿದ್ದು. ಮೊದಲ ಎರಡು ವಾರ ಚಾಚುವುದಕ್ಕೇ ಜಾಸ್ತಿ ಹೊತ್ತು ಕೊಟ್ಟೆ. "ಬಗ್ಗಲ್ಲ ಅಂತ ಬಂದ್ರೆ ಚಾಚಿಸ್ತಾ ಇದೀರಲ್ಲ ಡಾಕ್ಟ್ರೇ" ಅಂತ ಅವರ ದೂರು. ಆದರೆ ಹತ್ತು ಡಿಗ್ರಿ ಕಮ್ಮಿ ಚಾಚುವ ಕಾಲಲ್ಲಿ ನಡೆದರೆ ತೊಡೆಗೆ ಬಿಡುವೇ ಇಲ್ಲ, ಊತ ಇಳಿಯುವುದೂ ಇಲ್ಲ. ಸಮತಟ್ಟು ನೆಲದಲ್ಲಿ ನಡೆಯಲು ಬಗ್ಗುವುದು 65–70 ಸಾಕು, ಅದು ಅವರಿಗೆ ಇತ್ತು. ಹಿಮ್ಮಡಿ ಕೆಳಗೆ ಸುರುಳಿ ಟವೆಲ್, ಮಂಡಿ ಕೆಳಗೆ ಖಾಲಿ, ತೊಡೆಯ ಮೇಲೆ ಮಂಡಿಗಿಂತ ತುಸು ಮೇಲಕ್ಕೆ ಒಂದೂವರೆ ಕೆಜಿ ತೂಕ, ಹತ್ತು ನಿಮಿಷ. ಬೋರಲು ಮಲಗಿ ಕಾಲು ಇಳಿಬಿಡುವುದು ಕೆಲವರಿಗೆ ಒಗ್ಗುತ್ತದೆ. ಇವರಿಗೆ ಚಿಪ್ಪು ಒತ್ತಿ ನೋವಾಗುತ್ತಿತ್ತು, ಬಿಟ್ಟೆವು.

ಚಿಪ್ಪು ಅಲ್ಲಾಡದೆ ಮಂಡಿ ಬಗ್ಗುವುದಿಲ್ಲ. ಇವರದು ಕೆಳಕ್ಕೆ ಜಾರುತ್ತಲೇ ಇರಲಿಲ್ಲ. ಮೇಲೆ ಕೆಳಗೆ, ಆಚೆ ಈಚೆ, ಹೊಲಿಗೆ ಕಲೆಯ ಮೇಲೆ ಅಡ್ಡಡ್ಡ ಉಜ್ಜುವುದು, ಇಷ್ಟನ್ನೂ ಅವರ ಕೈಗೇ ಕಲಿಸಿದೆ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಐದು ನಿಮಿಷ. ನಾನು ಮಾಡಿದರೆ ಬಿಗಿಯುವ ತೊಡೆ ಅವರದೇ ಕೈಗೆ ಸಡಿಲ ಬಿಡುತ್ತದೆ. ಇದನ್ನು ಕಂಡ ಮೇಲೆ ನನ್ನ ಕೈ ಕೆಲಸ ಇನ್ನೂ ಕಮ್ಮಿ ಮಾಡಿದೆ.

ಬಗ್ಗಿಸುವುದಕ್ಕೆ 90ರವರೆಗೆ ಯಂತ್ರ, ಪಟ್ಟಿ ಏನೂ ಬೇಡ. ಎತ್ತರದ ಮಂಚದ ಅಂಚಿಗೆ ಕೂತು ಕಾಲು ಇಳಿಬಿಟ್ಟರೆ ಕಾಲಿನ ತೂಕವೇ ಎಳೆಯುತ್ತದೆ. ಶುರುವಿನಲ್ಲಿ ಆ ತೂಕವೂ ಜಾಸ್ತಿ. ಅದಕ್ಕೆ ಒಳ್ಳೇ ಕಾಲನ್ನು ಕೆಳಗೆ ಕೊಟ್ಟು, ದಿನ ಕಳೆದಂತೆ ಆ ಆಸರೆ ತಪ್ಪಿಸುತ್ತಾ ಹೋಗುವುದು. ಹತ್ತರಿಂದ ಹದಿನೈದು ನಿಮಿಷ. ನೋವು ಹತ್ತರಲ್ಲಿ ಮೂರು ದಾಟಬಾರದು. ದಾಟಿದರೆ ಆಸರೆ ವಾಪಸ್. ದಿನಕ್ಕೆ ನಾಲ್ಕು ಸಲ ಮಾಡಿದರೆ ಕೊನೆಯ ಅಂಚಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಆಯಿತು. ಒತ್ತುವ ಸಿಟ್ಟಿಂಗ್‌ನಲ್ಲಿ ಅಂಚಿನಲ್ಲಿ ಇರುವುದು ಎಷ್ಟು ಹೊತ್ತು? ನಾನು ಗಡಿಯಾರ ಹಿಡಿದು ನೋಡಿದ್ದೇನೆ, ಎಲ್ಲ ಸೇರಿ ಎರಡು ಮೂರು ನಿಮಿಷ. ಗಟ್ಟಿಯಾದ ಅಂಗಾಂಶ ಹಿಗ್ಗುವುದು ಹೊತ್ತು ಕೊಟ್ಟರೆ. ಬಲ ಕೊಟ್ಟರೆ ಹರಿಯುತ್ತದೆ, ಊದುತ್ತದೆ, ಮತ್ತೆ ಅಂಟುತ್ತದೆ.

90 ದಾಟಿದ ಮೇಲೆ ಕಾಲಿನ ತೂಕ ನಮ್ಮ ವಿರುದ್ಧ ತಿರುಗುತ್ತದೆ. ಆಗ ಕುರ್ಚಿ. ಪಾದ ನೆಲಕ್ಕೆ ಊರಿ, ಹೆಬ್ಬೆರಳ ಮುಂದೆ ನೆಲದ ಮೇಲೆ ಟೇಪ್ ಅಂಟಿಸಿ, ಪಾದ ಕದಲದಂತೆ ಸೊಂಟವನ್ನೇ ಮುಂದಕ್ಕೆ ಜರುಗಿಸುವುದು. ಜೊತೆಗೆ ಕಣಕಾಲಿಗೆ ಪಟ್ಟಿ ಕಟ್ಟಿ ಕುರ್ಚಿ ಕೆಳಗಿಂದ ಹಿಂದಕ್ಕೆ ಎಳೆಯುವುದೂ ಮಾಡಿಸಿದೆ, ಮಧ್ಯದಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ. ಮುಳ್ಳು ಎರಡು ಕೆಜಿ, ಜಾಸ್ತಿ ಅಂದರೆ ಮೂರು. ತಕ್ಕಡಿ ನೋಡಿ ಕೆಲವರು ನಕ್ಕರು. ನನಗೆ ಅದರಿಂದ ತಿಳಿದದ್ದು ಏನೆಂದರೆ, ಎರಡು ಕೆಜಿಗೆ ಕಟ್ಟಿ ಬಿಟ್ಟರೆ ಐದಾರು ನಿಮಿಷದಲ್ಲಿ ಮುಳ್ಳು ತಾನಾಗಿ ಒಂದೂವರೆಗೆ ಇಳಿಯುತ್ತದೆ. ಇಳಿದಾಗ ಸ್ವಲ್ಪ ಬಿಗಿ ಮಾಡಿ. ಇಳಿಯದಿದ್ದರೆ ಮುಟ್ಟಬೇಡಿ. ಪಟ್ಟಿಯನ್ನು ಯಾವ ಕೋನದಲ್ಲಿ ಕಟ್ಟುತ್ತೇನೆ, ಬಿಗಿ ಮಾಡುವ ಮುನ್ನ ಪೇಷೆಂಟ್‌ಗೆ ಯಾವ ಸಣ್ಣ ಕೆಲಸ ಹೇಳುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಸ್ನಾಯು ಬಿಗಿ ಹಿಡಿಸಿ ಸಡಿಲ ಬಿಡಿಸುವ ಹೋಲ್ಡ್-ರಿಲ್ಯಾಕ್ಸ್ ಬಲ್ಲವರು ಅರ್ಧ ಊಹಿಸಿಕೊಳ್ಳುತ್ತೀರಿ.

ಎಳೆತ ಬಿಚ್ಚಿದ ಕೂಡಲೇ ಎದ್ದು ಹೋಗಬಾರದು. ಹೊಸದಾಗಿ ಸಿಕ್ಕ ಡಿಗ್ರಿಯಲ್ಲೇ ತೊಡೆಗೆ ಕೆಲಸ ಕೊಡಬೇಕು: ಅದೇ ಕೋನದಲ್ಲಿ ಐದು ಸೆಕೆಂಡ್ ಬಿಗಿ, ಬಿಡು, ಹತ್ತು ಸಲ. ಆಮೇಲೆ ಐಸ್. ಈ ಹತ್ತು ಸಲ ತಪ್ಪಿಸಿದವರಿಗೆ ಬೆಳಗಿನ ಅಳತೆ ಏರುವುದೇ ಇಲ್ಲ ಅನ್ನುವುದು ನನ್ನ ಕಣ್ಣಿಗೆ ಕಂಡದ್ದು.

ನಡುವೆ ಒಂದಷ್ಟು ಪ್ರಯೋಗ ಮಾಡಿದೆ. ಚರ್ಮದ ಮೇಲೆ ಬಣ್ಣದ ಟೇಪ್ ಅಂಟಿಸಿ ನೋಡಿದೆ, ಪೇಷೆಂಟ್‌ಗೆ ಸಮಾಧಾನ, ಡಿಗ್ರಿಗೆ ಏನೂ ಇಲ್ಲ. ಎಳೆಯುವ ಮುಂಚೆ ಐಸ್ ಇಟ್ಟರೆ ನೋವು ಕಮ್ಮಿ, ಹಿಗ್ಗುವುದೂ ಕಮ್ಮಿ. ಶಾಖ ಮೊದಲು, ಐಸ್ ಕೊನೆಗೆ, ಅದೇ ಸರಿ. ಸಣ್ಣ ಕರೆಂಟ್ ಕೊಟ್ಟು ಸ್ನಾಯು ಬಿಗಿಸುವ ಎನ್‌ಎಂಇಎಸ್ ಮಾತ್ರ ಕೆಲಸಕ್ಕೆ ಬಂತು, ಮಂಕಾದ ತೊಡೆ ಎಬ್ಬಿಸಲು. ಹಿಂದಕ್ಕೆ ನಡೆಸಿ ನೋಡಿದೆ, ಚಾಚುವುದಕ್ಕೆ ಒಳ್ಳೆಯದೇ ಅನ್ನಿಸಿತು, ಬೀಳುವ ಭಯ ಇರುವವರಿಗೆ ಬೇಡ. ಸೈಕಲ್ ಪೂರ್ತಿ ಸುತ್ತಬೇಕಾದರೆ 105–110 ಬೇಕು. ಅಲ್ಲಿಯವರೆಗೆ ಸೀಟು ಏರಿಸಿ ಪೆಡಲ್ ಹಿಂದೆ ಮುಂದೆ ತೂಗಾಡಿಸುವುದು. ಒಂದು ದಿನ ಪೆಡಲ್ ಹಿಮ್ಮುಖವಾಗಿ ಒಂದು ಸುತ್ತು ಪೂರ್ತಿ ಆಯಿತು, ಮುಮ್ಮುಖವಾಗಿ ಆಗಿದ್ದು ಎರಡು ದಿನ ಬಿಟ್ಟು. ಬಹಳ ಜನರಲ್ಲಿ ಹೀಗೇ ಹಿಮ್ಮುಖ ಮೊದಲು ಆಗುವುದನ್ನು ನೋಡಿದ್ದೇನೆ.

ಇನ್ನೊಂದು: ಕೂತಾಗ 100 ಬಗ್ಗುವ ಮಂಡಿ ಬೋರಲು ಮಲಗಿದಾಗ 85ಕ್ಕೇ ನಿಂತರೆ ತಡೆ ಸೊಂಟದಿಂದ ಮಂಡಿವರೆಗೆ ಬರುವ ತೊಡೆ ಸ್ನಾಯು ರೆಕ್ಟಸ್‌ನದು. ಅದನ್ನು ಕ್ಯಾಪ್ಸೂಲ್ ಅಂದುಕೊಂಡು ವಾರಗಟ್ಟಲೆ ಕುರ್ಚಿಯಲ್ಲಿ ಎಳೆದರೆ ಪ್ರಯೋಜನ ಇಲ್ಲ.

ಈಗ ದುಡ್ಡಿನ ಮಾತು, ಅದನ್ನು ಯಾರೂ ಬರೆಯುವುದಿಲ್ಲ. ಈ ಪೇಷೆಂಟ್ ಮೊದಲು ಸಿಪಿಎಂ, ಅಂದರೆ ಕಾಲನ್ನು ತಾನೇ ಬಗ್ಗಿಸಿ ಚಾಚಿಸುವ ಯಂತ್ರ ಬಾಡಿಗೆಗೆ ತಂದಿದ್ದರು. ಆ ಬಾಡಿಗೆಯಲ್ಲಿ ನನ್ನ ಹತ್ತಿರ ಹದಿನೈದು ಇಪ್ಪತ್ತು ಸಿಟ್ಟಿಂಗ್ ಆಗುತ್ತಿತ್ತು. ಯಂತ್ರದ ಪರದೆ 95 ತೋರಿಸುವಾಗ ತೊಡೆ ಮೇಲೆದ್ದು ಮಂಡಿ ನಿಜವಾಗಿ 80ರ ಕೆಳಗೇ ಇರುತ್ತಿತ್ತು. ಕೆನಡಾದ ಮೂಳೆ ಸರ್ಜನ್ ಸಾಲ್ಟರ್ ಮೊಲಗಳ ಮೇಲೆ ಪ್ರಯೋಗ ಮಾಡಿ ಈ ಯೋಚನೆ ಮುಂದಿಟ್ಟದ್ದು ಮೂಳೆ ತುದಿಯ ಮೆತ್ತೆಯಂಥ ಕಾರ್ಟಿಲೇಜ್ ವಾಸಿಯಾಗಲಿ ಅಂತ, ಅಂಟಿದ ಮಂಡಿ ಬಿಡಿಸಲು ಅಲ್ಲ. ಮಂಡಿ ಬದಲಾವಣೆ ಆದವರಲ್ಲೂ ಇದರ ಲಾಭ ತೀರಾ ಅಲ್ಪ ಅಂತ ಹಲವು ಅಧ್ಯಯನ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ ಹೇಳಿದೆ. ಆದರೂ ಬಾಡಿಗೆ ನಡೆಯುತ್ತಲೇ ಇದೆ.

ನನ್ನ ಪದ್ಧತಿಯಲ್ಲಿ ಖರ್ಚು ಅಂದರೆ ಒಂದು ಪಟ್ಟಿ, ಒಂದು ತಕ್ಕಡಿ, ಒಂದು ಅಳತೆ ಟೇಪ್. ನಷ್ಟ ಆಗುವುದು ನನಗೆ! ಕೆಲಸವೆಲ್ಲ ಪೇಷೆಂಟ್ ಮನೆಯಲ್ಲೇ ಮಾಡಿದರೆ ದಿನಾ ಸಿಟ್ಟಿಂಗ್ ಎಲ್ಲಿ ಬರುತ್ತದೆ? ಮೊದಲ ಕೆಲವು ತಿಂಗಳು ಆದಾಯ ಮೂರನೇ ಒಂದು ಭಾಗ ಇಳಿಯಿತು. ನಂತರ ಸಿಟ್ಟಿಂಗ್ ಲೆಕ್ಕ ಬಿಟ್ಟು ವಾರದ ಲೆಕ್ಕ ಮಾಡಿದೆ. ವಾರಕ್ಕೆ ಎರಡು ಭೇಟಿ, ದಿನಾ ಬೆಳಗ್ಗೆ ಅಳತೆ ಕಳಿಸಬೇಕು, ನಾನು ಆ ದಿನದ ಕೆಲಸ ಹೇಳುತ್ತೇನೆ. ಪೇಷೆಂಟ್‌ಗೆ ಒಟ್ಟು ಖರ್ಚು ಅರ್ಧಕ್ಕಿಂತ ಕಮ್ಮಿ. ನನಗೆ ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಜನ ಸಿಗುತ್ತಾರೆ. ಬರೀ ಅಳತೆ ನೋಡುವುದಕ್ಕೆ ದುಡ್ಡಾ ಅಂತ ಕೇಳಿದವರೂ ಇದ್ದಾರೆ, ಅಂಥವರಿಗೆ ಒತ್ತುವವರ ವಿಳಾಸ ಕೊಟ್ಟು ಕಳಿಸಿದ್ದೇನೆ.

ಎಲ್ಲ ಮಂಡಿಗೂ ಇದು ನಡೆಯುವುದಿಲ್ಲ. ಎಸಿಎಲ್ ಆದವರಲ್ಲಿ ಚಾಚುವಾಗ ಕೊನೆಗೆ ರಬ್ಬರ್ ಸಿಕ್ಕಿಕೊಂಡಂತೆ ತಡೆದರೆ ಸೈಕ್ಲಾಪ್ಸ್, ಅಂದರೆ ಮಂಡಿಯೊಳಗೆ ಬೆಳೆದ ಕಲೆಯ ಗಂಟು ಇರಬಹುದು, ಸ್ಕ್ಯಾನ್‌ಗೆ ಕಳಿಸಿ. ಚಿಪ್ಪು ಕೆಳಗಿಳಿದು ಕೂತಿದ್ದರೆ ಸರ್ಜನ್ ಜೊತೆ ಮಾತಾಡದೆ ಎಳೆಯಬೇಡಿ. ಬಿಸಿ, ಕೆಂಪು, ಜ್ವರ ಇದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ. ಮುಟ್ಟಿದರೇ ಉರಿ, ಚರ್ಮದ ಬಣ್ಣ ಬದಲು ಅಂದರೆ ನೋವು ಮಿತಿಮೀರುವ ಕಾಯಿಲೆಯಾದ ಸಿಆರ್‌ಪಿಎಸ್ ನೆನಪಿರಲಿ. ಮಂಡಿ ಬದಲಾಯಿಸಿಕೊಂಡವರಲ್ಲಿ ಆಪರೇಷನ್‌ಗೆ ಮುಂಚೆ ಎಷ್ಟು ಬಗ್ಗುತ್ತಿತ್ತು ಅಂತ ಮೊದಲ ದಿನವೇ ಕೇಳಿ. ಮುಂಚೆ 90 ಇದ್ದವರಿಗೆ 130 ಮಾಡಿಕೊಡುತ್ತೇನೆ ಅನ್ನುವುದು ಮೋಸ. ಮಂಡಿ ಬದಲಾಯಿಸಿಕೊಂಡವರಿಗೆ ಅನಸ್ತೇಷಿಯಾ ಕೊಟ್ಟು ಬಗ್ಗಿಸುವುದಾದರೆ ಸಾಮಾನ್ಯವಾಗಿ 12 ವಾರದೊಳಗೆ ಮಾಡುತ್ತಾರೆ. ಹಾಗಾಗಿ ಆರನೇ ವಾರಕ್ಕೂ ಬೆಳಗಿನ ಅಳತೆ ಏರದೆ ನಿಂತಿದ್ದರೆ ನಾನೇ ಸರ್ಜನ್‌ಗೆ ಫೋನ್ ಮಾಡುತ್ತೇನೆ, ಹಿಡಿದಿಟ್ಟುಕೊಳ್ಳುವುದಿಲ್ಲ.

ಈಗ ಕೈಯಲ್ಲಿರುವುದು ಮಂಡಿ ಕೆಳಗಿನ ಮೂಳೆಯ ಮೇಲ್ತುದಿ ಒಡೆದು ಪ್ಲೇಟ್ ಹಾಕಿದ ಕೇಸು. ಸೊನ್ನೆಯಿಂದ 85. ಭಾರ ಹಾಕಲು ಇನ್ನೂ ಅನುಮತಿ ಇಲ್ಲ, ಹಾಗಾಗಿ ಪಾದ ಊರಿ ಕುರ್ಚಿಯಲ್ಲಿ ಜರುಗುವುದು ಆಗದು. ಮಲಗಿಸಿ, ಸೊಂಟ ಬಗ್ಗಿಸಿ, ಹಿಮ್ಮಡಿ ಗೋಡೆ ಮೇಲಿಂದ ಕೆಳಕ್ಕೆ ಜಾರಿಸುತ್ತಾ ಇದ್ದೇವೆ. ಕಾಲುಚೀಲ ಹಾಕಿದರೆ ಚೆನ್ನಾಗಿ ಜಾರುತ್ತದೆ.