ಎಲೆಕ್ಟ್ರಿಕ್ ಕಾರಿಗೆ ಅಗಲ ರಿಮ್ಮು, ಗ್ರಿಪ್ ಟೈರು: ಕೊಡಗಿನ ರೋಡಿಗೆ ಯಾವುದು ಆಗತ್ತೆ, ಹೇಗೆ ಹಾಕ್ಸೋದು

ಇವಿ, ಅಂದ್ರೆ ಎಲೆಕ್ಟ್ರಿಕ್ ಕಾರು, ತಗೊಂಡೋರ ಕಂಪ್ಲೇಂಟ್ ನಮ್ಮ ಕಡೆ ಹೆಚ್ಚುಕಮ್ಮಿ ಒಂದೇ. ಮಡಿಕೇರಿ ಬಿಟ್ಟು ಸಂಪಾಜೆ ಕಡೆ ಇಳೀವಾಗ ತಿರುವಲ್ಲಿ ಮುಂದಿನ ಟೈರು ಕಿರ್ ಅನ್ನತ್ತೆ, ಮಳೆಗೆ ತೋಟದ ಗೇಟ್ ಹತ್ರ ಏರಲ್ಲಿ ಸ್ವಲ್ಪ ಒತ್ತಿದ್ರೆ ಚಕ್ರ ಸುಮ್ನೆ ತಿರುಗತ್ತೆ ಗಾಡಿ ಮುಂದೆ ಹೋಗಲ್ಲ, ಪೆಟ್ರೋಲ್ ಗಾಡೀಲಿ ಹೀಗೆ ಆಗ್ತಿರ್ಲಿಲ್ಲ ಅಂತ. ಆಗ್ತಿರ್ಲಿಲ್ಲ, ನಿಜ. ಮೋಟರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ (ತಿರುಗಿಸೋ ಬಲ) ಕೊಡತ್ತೆ, ಬ್ಯಾಟರಿ ಸೇರಿ ಗಾಡಿ ಭಾರ ಜಾಸ್ತಿ, ಅದರ ಮೇಲೆ ಕಂಪನಿಯೋರು ರೇಂಜ್ (ಒಂದು ಚಾರ್ಜಿಗೆ ಓಡೋ ದೂರ) ಜಾಸ್ತಿ ತೋರಿಸೋಕೆ ಸಲೀಸಾಗಿ ಉರುಳೋ ಗಟ್ಟಿ ರಬ್ಬರ್ ಟೈರ್ ಹಾಕಿ ಕೊಟ್ಟಿರ್ತಾರೆ. ಮೂರೂ ಸೇರಿದ್ರೆ ಜಾರದೆ ಇನ್ನೇನು.

ಆಗ ಎಲ್ಲರ ತಲೇಲೂ ಬರೋದು ಅಗಲ ರಿಮ್ಮು, ಅಗಲ ಟೈರು. ಹಾಕ್ಸಿ, ಬೇಡ ಅನ್ನಲ್ಲ. ಆದ್ರೆ ಒಂದು ತಿಳ್ಕೊಳಿ, ಟೈರ್ ಅಗಲ ಆದ ಮಾತ್ರಕ್ಕೆ ರೋಡಿಗೆ ತಾಗೋ ಜಾಗ ಅಷ್ಟೇ ಲೆಕ್ಕದಲ್ಲಿ ಜಾಸ್ತಿ ಆಗಲ್ಲ. ಆ ಜಾಗ ಎಷ್ಟು ಅನ್ನೋದು ಮುಖ್ಯವಾಗಿ ಗಾಡಿ ಭಾರ ಮತ್ತೆ ಗಾಳಿ ಪ್ರೆಶರ್ ಮೇಲೆ ನಿಂತಿದೆ. ಅಗಲ ಹಾಕಿದ್ರೆ ಆ ಜಾಗ ಉದ್ದ ಕಮ್ಮಿ ಆಗಿ ಅಡ್ಡ ಜಾಸ್ತಿ ಆಗತ್ತೆ, ಅದು ತಿರುವಲ್ಲಿ ಒಳ್ಳೇದು, ನಿಂತ ನೀರಲ್ಲಿ ಕೆಟ್ಟದು, ಯಾಕಂದ್ರೆ ಅಗಲ ಟೈರು ನೀರನ್ನ ಪಕ್ಕಕ್ಕೆ ತಳ್ಳೋಕೆ ಆಗ್ದೆ ಬೇಗ ತೇಲತ್ತೆ. ಗ್ರಿಪ್ಪಿನ ದೊಡ್ಡ ಪಾಲು ಬರೋದು ರಬ್ಬರ್ ಕಾಂಪೌಂಡಿಂದ, ಅಂದ್ರೆ ರಬ್ಬರ್ ಮಿಶ್ರಣದಿಂದ. ಹಾಗಾಗಿ ದುಡ್ಡು ಕಮ್ಮಿ ಇದ್ರೆ ಅಥವಾ ರಗಳೆ ಬೇಡ ಅಂದ್ರೆ ರಿಮ್ಮು ಮುಟ್ಟಬೇಡಿ, ಅದೇ ಸೈಜಲ್ಲಿ ವೆಟ್ ಗ್ರಿಪ್ (ಒದ್ದೆ ರೋಡಿನ ಹಿಡಿತ) ಚೆನ್ನಾಗಿರೋ ಟೈರ್ ನಾಲ್ಕು ಹಾಕ್ಸಿ, ಮುಕ್ಕಾಲು ಕೆಲಸ ಅಲ್ಲೇ ಆಯ್ತು. ಇನ್ನೂ ಬೇಕು ಅನ್ನೋರು ಮುಂದೆ ಓದಿ.

ಮೊದಲು ಸೈಜಿನ ಲೆಕ್ಕ. ಉದಾಹರಣೆಗೆ ನೆಕ್ಸಾನ್ ಇವಿ ತಗೊಳ್ತೀನಿ, ನಮ್ಮಲ್ಲಿ ಅದೇ ಜಾಸ್ತಿ ಓಡಾಡೋದು. ಅದರ ಟೈರು 215/60 ಆರ್16. ಅಂದ್ರೆ ಅಗಲ 215 ಮಿಲಿಮೀಟರ್, ಅದರ 60 ಪರ್ಸೆಂಟ್ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಅಂದ್ರೆ 129, ರಿಮ್ಮು 16 ಇಂಚು. ಒಟ್ಟು ಎತ್ತರ 664 ಮಿಮೀ. ಹೊಸ ಟೈರಿನ ಒಟ್ಟು ಎತ್ತರ ಇದಕ್ಕೆ ಒಂದು, ಒಂದೂವರೆ ಪರ್ಸೆಂಟ್ ಒಳಗೆ ಇರ್ಲಿ. ಸ್ಪೀಡೋಮೀಟರ್, ಓಡೋಮೀಟರ್, ರೇಂಜ್ ಲೆಕ್ಕ ಎಲ್ಲಾ ಚಕ್ರದ ಸುತ್ತಿನ ಮೇಲೆ ನಿಂತಿರೋದು, ಬ್ರೇಕಲ್ಲಿ ಚಕ್ರ ಲಾಕ್ ಆಗದ ಹಾಗೆ ಕಾಯೋ ಎಬಿಎಸ್, ಚಕ್ರ ಸುಮ್ನೆ ತಿರುಗದ ಹಾಗೆ ಕಾಯೋ ಟ್ರಾಕ್ಷನ್ ಕಂಟ್ರೋಲೂ ಅದನ್ನೇ ನೋಡೋದು. 215/55 ಆರ್17 ಹಾಕಿದ್ರೆ 668, ಹೆಚ್ಚುಕಮ್ಮಿ ಒಂದೇ. 225/50 ಆರ್17 ಹಾಕಿದ್ರೆ 657, ಒಂದು ಪರ್ಸೆಂಟ್ ಕಮ್ಮಿ, ಗಾಡಿ ನಾಲ್ಕು ಮಿಮೀ ತಗ್ಗತ್ತೆ, ನಡೆಯತ್ತೆ. 225/55 ಆರ್17 ಆದ್ರೆ 679, ಎರಡು ಪರ್ಸೆಂಟ್ ದಾಟತ್ತೆ, ಫೆಂಡರ್ (ಚಕ್ರದ ಮೇಲಿನ ಬಾಡಿ ಕಮಾನು) ಒಳಗೆ ತಾಗೋ ಚಾನ್ಸೂ ಜಾಸ್ತಿ, ಬಿಟ್ಬಿಡಿ.

18 ಇಂಚು ಬೇಡ. 225/45 ಆರ್18 ಲೆಕ್ಕಕ್ಕೇನೋ ಕೂರತ್ತೆ, 660 ಬರತ್ತೆ, ನೋಡೋಕೂ ಸೂಪರ್, ಆದ್ರೆ ಸೈಡ್‌ವಾಲ್ 101ಕ್ಕೆ ಇಳಿಯತ್ತೆ. ಆಗಸ್ಟ್ ಕಳೆದ ಮೇಲೆ ಸಿದ್ದಾಪುರ ಕಡೆಯೋ ನಾಪೋಕ್ಲು ಕಡೆಯೋ ಒಳರಸ್ತೇಲಿ ಟಾರ್ ಅಂಚು ಕಿತ್ತು ನಿಂತಿರತ್ತಲ್ಲ, ಎದುರಿಂದ ಬಸ್ ಬಂತು ಅಂತ ಎಡಕ್ಕೆ ಇಳಿಸಿದ್ರೆ ಸಾಕು, ರಿಮ್ಮಿನ ತುಟಿ ಬಗ್ಗತ್ತೆ, ಇಲ್ಲಾಂದ್ರೆ ಸೈಡ್‌ವಾಲ್‌ನಲ್ಲಿ ಬುಗುಟು ಏಳತ್ತೆ. ಬುಗುಟು ಎದ್ದ ಟೈರು ರಿಪೇರಿ ಆಗಲ್ಲ, ಎಸೀಬೇಕು. ಬೆಂಗಳೂರಿನ ಹುಡುಗರ ಫೋಟೋ ನೋಡಿ ಆಸೆ ಪಡೋಕೆ ಇದು ಬೆಂಗಳೂರಲ್ಲ.

ಈಗ ಭಾರದ ನಂಬರು, ಎಲ್ಲರೂ ಹಾರಿಸೋ ವಿಷಯ ಇದೇ, ಇವಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಟೈರ್ ಸೈಜ್ ಆದ್ಮೇಲೆ 95ಹೆಚ್, 98ವಿ ಅಂತ ಬರ್ದಿರತ್ತೆ. ಅಕ್ಷರ ಸ್ಪೀಡಿಂದು, ಹೆಚ್ ಅಂದ್ರೆ 210, ವಿ ಅಂದ್ರೆ 240, ಅದರ ಚಿಂತೆ ನಮಗಿಲ್ಲ. ಅಂಕಿ ಒಂದು ಟೈರು ಹೊರೋ ಭಾರ. 95 ಅಂದ್ರೆ 690 ಕೆಜಿ, 94 ಅಂದ್ರೆ 670, 98 ಅಂದ್ರೆ 750. ನಿಮ್ಮ ಹಳೇ ಟೈರಲ್ಲಿ 95 ಇದ್ದು ಅಂಗಡಿಯೋರು 225/50 ಆರ್17ರಲ್ಲಿ 94 ಇರೋದನ್ನ ತಂದಿಟ್ರೆ, ಅಗಲ ಜಾಸ್ತಿ ಆದ್ರೂ ಹೊರೋ ಶಕ್ತಿ ಕಮ್ಮಿ ಆಯ್ತು ಅಂತ ಅರ್ಥ. ಅದೇ ಸೈಜಲ್ಲಿ ಎಕ್ಸ್‌ಎಲ್ ಅಂತ ಬರತ್ತೆ, ಜಾಸ್ತಿ ಭಾರ ಹೊರೋಕೆ ಮಾಡಿದ್ದು, ಅದರ ನಂಬರು 98, ಅದನ್ನೇ ಕೇಳಿ ತಗೊಳಿ. ಅದು ಸ್ಟಾಕ್ ಇಲ್ಲ ಸರ್ ಇದೂ ಅದೇ ಅಂದ್ರೆ ಕಾಯ್ತೀನಿ ಅನ್ನಿ. ಇನ್ನೊಂದು, ಎಕ್ಸ್‌ಎಲ್ ಟೈರು ತನ್ನ ಪೂರ್ತಿ ಭಾರ ಹೊರೋದು ಗಾಳಿ ಪ್ರೆಶರ್ 42 ಪಿಎಸ್‌ಐ ಹತ್ರ, ಮಾಮೂಲಿ ಟೈರು 36ರಲ್ಲಿ. ಹಾಗಾಗಿ ಡೋರ್ ಪಕ್ಕದ ಸ್ಟಿಕ್ಕರಲ್ಲಿ ಇರೋದಕ್ಕಿಂತ ಎರಡು ಪಿಎಸ್‌ಐ ಜಾಸ್ತಿ ಇಟ್ರೆ ಸರಿಹೋಗತ್ತೆ. ಟೈರಿನ ವಯಸ್ಸೂ ನೋಡಿ, ಸೈಡ್‌ವಾಲಲ್ಲಿ ಕೊನೇ ನಾಲ್ಕು ಅಂಕಿ, 2325 ಅಂದ್ರೆ 2025ರ 23ನೇ ವಾರ. ಐಎಸ್‌ಐ ಗುರ್ತು ಇಲ್ದಿದ್ರೆ ಮುಟ್ಟಬೇಡಿ.

ರಿಮ್ಮಿಗೆ ಬರೋಣ. ಹಳೇ ರಿಮ್ಮಿನ ಹಿಂದೆ ಕೆತ್ತಿರತ್ತೆ, 16x6.5ಜೆ, ಇಟಿ 40 ಅಂತೇನೋ. ಜೆ ಮುಂಚಿನ ಅಂಕಿ ರಿಮ್ಮಿನ ಅಗಲ ಇಂಚಲ್ಲಿ, ಇಟಿ ಅಂದ್ರೆ ಆಫ್‌ಸೆಟ್, ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ (ಚಕ್ರ ನಟ್ ಹಾಕಿ ಕೂರಿಸೋ ಗಾಡಿಯ ಭಾಗ) ಕೂರೋ ಮುಖ ಎಷ್ಟು ಮಿಮೀ ಹೊರಗಡೆ ಇದೆ ಅನ್ನೋದು. ಇಟಿ ಕಮ್ಮಿ ಆದಷ್ಟೂ ಚಕ್ರ ಹೊರಗೆ ಬರತ್ತೆ. 6.5ರಿಂದ 7ಜೆ ಹೋಗಿ ಇಟಿ ಅಷ್ಟೇ ಇಟ್ರೆ ಒಳಗೂ ಹೊರಗೂ ಆರಾರು ಮಿಮೀ ಜಾಸ್ತಿ. ಅದೇ 7.5ಜೆ ಇಟಿ 35 ತಗೊಂಡ್ರೆ ಹೊರಗೆ ಹತ್ರಹತ್ರ 18, ಒಳಗೆ 8. ಆ 18 ಮಿಮೀ ಅನ್ನೋದು ಫೆಂಡರ್ ಒಳಗಿರೋ ಟೈರನ್ನ ಹೊರಗೆ ತರೋಕೆ ಸಾಕು, ಆಮೇಲೆ ಮಳೆಗಾಲದ ಕೆಸರೆಲ್ಲಾ ಡೋರಿಗೆ, ಹಿಂದೆ ಬರೋ ಬೈಕಿನೋರ ಮುಖಕ್ಕೆ. 225 ಟೈರಿಗೆ 7ಜೆ ಸರಿಯಾದ ಅಗಲ, ಅಲ್ಲಿಗೇ ನಿಲ್ಲಿಸಿ. ಪಿಸಿಡಿ, ಅಂದ್ರೆ ನಟ್ ತೂತುಗಳ ವೃತ್ತ, ಪಕ್ಕಾ ಅದೇ ಇರ್ಬೇಕು, 108ರ ಗಾಡಿಗೆ 114.3 ರಿಮ್ಮು ಎಳ್ದು ಕೂರಿಸೋ ಪುಣ್ಯಾತ್ಮರು ಇದಾರೆ. ನಡುತೂತು ದೊಡ್ಡದಿದ್ರೆ ಸಂದು ತುಂಬೋ ಹಬ್ ರಿಂಗ್ ಹಾಕ್ಸಿ, ಇಲ್ಲಾಂದ್ರೆ ಎಂಬತ್ತು ತೊಂಬತ್ತರಲ್ಲಿ ಸ್ಟೀರಿಂಗ್ ನಡುಗತ್ತೆ. ರಿಮ್ಮು ಒಂದಕ್ಕೆ ಎಷ್ಟು ಕೆಜಿ ಹೊರತ್ತೆ ಅಂತ ಕೆತ್ತಿರೋದನ್ನೂ ಟೈರಿನ ಹಾಗೇ ನೋಡ್ಬೇಕು.

ತೂಕ ಅಂಗಡಿಯೋನ ಬಾಯಲ್ಲಿ ಕೇಳಬೇಡಿ. ತೋಟದಲ್ಲಿ ಕಾಫಿ ಮೂಟೆ ತೂಗೋ ಸ್ಕೇಲ್ ಇರತ್ತಲ್ಲ, ಹಳೇ ಚಕ್ರ ಟೈರ್ ಸಮೇತ ಅದರ ಮೇಲಿಟ್ಟು ತೂಗಿ ಬರ್ದಿಟ್ಕೊಳಿ, ಹೊಸದು ಅದಕ್ಕಿಂತ ಜಾಸ್ತಿ ಬಂದ್ರೆ ರೇಂಜಿಗೂ ಸಸ್ಪೆನ್ಷನ್ನಿಗೂ ಎರಡಕ್ಕೂ ಪೆಟ್ಟು. ಸಾದಾ ಎರಕದ ರಿಮ್ಮಿಗಿಂತ ಎರಕ ಆದ್ಮೇಲೆ ಒತ್ತಿ ಉರುಳಿಸಿ ತೆಳ್ಳಗೆ ಮಾಡೋ ಫ್ಲೋ ಫಾರ್ಮ್ಡ್ ಅನ್ನೋದು ಹಗುರ, ರೇಟ್ ಜಾಸ್ತಿ, ಇವಿಗೆ ಆ ದುಡ್ಡು ದಂಡ ಅಲ್ಲ.

ದುಡ್ಡು ಕೊಡೋಕೆ ಮುಂಚೆ ಅಳತೆ. ಇದಕ್ಕೆ ಕಾಫಿ ಕಣಕ್ಕಿಂತ ಒಳ್ಳೇ ಜಾಗ ಇಲ್ಲ, ಸಿಮೆಂಟು, ಸಮತಟ್ಟು. ಹಣ್ಣು ಒಣಗ್ತಿರೋ ಟೈಮಲ್ಲಿ ಗಾಡಿ ನಿಲ್ಸಿದ್ರೆ ಮನೇಲಿ ಬೈಸ್ಕೊಳ್ತೀರ, ಅದು ಬೇರೆ. ಸ್ಟೀರಿಂಗ್ ನೇರ ಇಟ್ಟು ಮುಂದಿನ ಟೈರಿನ ಒಳಗೋಡೆಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಇರೋ ಗ್ಯಾಪು ಅಳೀರಿ, ಕೈ ಹೋಗಲ್ಲ ಅಂದ್ರೆ ರೊಟ್ಟಿ ಹಿಟ್ಟಿನ ಉಂಡೆ ಮಾಡಿ ಸಂದಿಗೆ ತುರುಕಿ ತೆಗೀರಿ, ಚಪ್ಪಟೆ ಆದ ಉಂಡೆಯ ದಪ್ಪವೇ ಗ್ಯಾಪು. ಹೊಸ ರಿಮ್ಮಿಂದ ಒಳಗೆ ಎಷ್ಟು ಜಾಸ್ತಿ ಬರತ್ತೋ ಅದನ್ನ ಕಳೀರಿ, ಕನಿಷ್ಠ 5 ಮಿಮೀ ಉಳೀಬೇಕು. ಆಮೇಲೆ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಪ್ಲಾಸ್ಟಿಕ್ ಲೈನರಿಗೆ ಎಷ್ಟು ದೂರ ಅಂತ ನೋಡಿ. ಹಿಂದಿನ ಚಕ್ರಕ್ಕೆ, ಗಾಡೀಲಿ ನಾಲ್ಕು ಜನ ಕೂತು ಡಿಕ್ಕಿ ತುಂಬಿದಾಗ ಹೇಗಿರತ್ತೆ ಅನ್ನೋದೇ ಲೆಕ್ಕ, ಖಾಲಿ ಗಾಡಿ ಅಳತೆ ನಂಬಬೇಡಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ಸ್ಪೆಸಿಫಿಕೇಷನ್ ಬದಲಿಸೋದಕ್ಕೆ ತಡೆ ಹಾಕತ್ತೆ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳ್ತು. ಅದೇ ವರ್ಷದ ತಿದ್ದುಪಡೀಲಿ ಬಂದ 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಟೈರು ಫೆಂಡರ್ ದಾಟಿ ಹೊರಗೆ ಬಂದ್ರೆ ಚೆಕ್‌ಪೋಸ್ಟಲ್ಲಿ ದೂರದಿಂದಲೇ ಕಾಣತ್ತೆ. ಕೊಳ್ಳೋಕೆ ಮೊದಲು ಮಡಿಕೇರಿ ಆರ್‌ಟಿಓದಲ್ಲಿ ಕೇಳಿ, ಇನ್ಶೂರೆನ್ಸಿನೋರಿಗೆ ಬರವಣಿಗೇಲಿ ತಿಳ್ಸಿ, ಸರ್ವಿಸ್ ಸೆಂಟರಲ್ಲಿ ಸಸ್ಪೆನ್ಷನ್ ವಾರಂಟಿ ಏನಾಗತ್ತೆ ಅಂತಾನೂ ಕೇಳಿ.

ಹಾಕ್ಸೋ ದಿನ. ಒಳ್ಳೇ ಅಲೈನ್‌ಮೆಂಟ್ ಮೆಷಿನ್ ಇರೋ ಅಂಗಡಿಗೆ ಹೋಗಿ, ಅದಕ್ಕೆ ಮೈಸೂರೇ ಆಗ್ಲಿ, ಪರವಾಗಿಲ್ಲ. ಇವಿ ಅಂತ ಬಾಯಿಬಿಟ್ಟು ಹೇಳಿ, ಜಾಕ್ ಇಡೋದು ಡೋರ್ ಕೆಳಗಿನ ಜಾಕ್ ಪಾಯಿಂಟಿಗೆ ಮಾತ್ರ. ನಡುವೆ ಇರೋ ದೊಡ್ಡ ಚಪ್ಪಟೆ ಭಾಗ ಬ್ಯಾಟರಿ, ಅಲ್ಲಿ ಟ್ರಾಲಿ ಜಾಕ್ ಇಟ್ಟು ಎತ್ತಿದ್ರೆ ಬ್ಯಾಟರಿ ಕೇಸಿಗೇ ಪೆಟ್ಟು. ಇದನ್ನ ನಿಂತು ನೋಡಿ, ಟೀ ಕುಡಿಯೋಕೆ ಹೋಗಬೇಡಿ. ಚಕ್ರ ಬಿಚ್ಚಿದ ಮೇಲೆ ಹಬ್ಬಿನ ಮುಖದಲ್ಲಿ ತುಕ್ಕು, ಕೆಂಪು ಮಣ್ಣು ಒಣಗಿ ಕೂತಿರತ್ತೆ, ವೈರ್ ಬ್ರಶ್ ಹಾಕಿ ಲೋಹ ಕಾಣೋವರೆಗೂ ಉಜ್ಜಿಸಿ. ಹಳೇ ನಟ್ಟೇ ಹೊಸ ರಿಮ್ಮಿಗೆ ಕೂರತ್ತೆ ಅಂತ ಇಲ್ಲ, ಕೆಲವು ರಿಮ್ಮಿಗೆ ಕೋನ್ ನಟ್ಟು, ಕೆಲವಕ್ಕೆ ದುಂಡು ಸೀಟು. ಕೈಯಲ್ಲಿ ತಿರುಗಿಸಿ ನೋಡಿ, 12 ಮಿಮೀ ಸ್ಟಡ್ಡಿಗೆ 1.5 ಪಿಚ್ಚಿದ್ರೆ ಎಂಟು ಪೂರ್ತಿ ಸುತ್ತಾದ್ರೂ ಹಿಡೀಬೇಕು. ಇಂಪ್ಯಾಕ್ಟ್ ಗನ್ನಲ್ಲಿ ಟರ್ ಅಂತ ಬಿಗಿದು ಆಯ್ತು ಸರ್ ಅಂದ್ರೆ ಒಪ್ಪಬೇಡಿ, ಕೈಯಲ್ಲಿ ಕೂರಿಸಿ, ನಕ್ಷತ್ರದ ಥರ ಎದುರುಬದುರು, ಕೊನೇಲಿ ಟಾರ್ಕ್ ವ್ರೆಂಚಲ್ಲಿ ಮ್ಯಾನುಯಲ್ ಹೇಳಿದಷ್ಟು. ಸ್ಟಡ್ಡಿಗೆ ಗ್ರೀಸ್ ಬೇಡ. ಟೈರಿನ ಮೇಲೆ ಬಾಣದ ಗುರ್ತೋ ಹೊರಗಡೆ ಅನ್ನೋ ಗುರ್ತೋ ಇದ್ರೆ ನಾಲ್ಕೂ ಸರಿ ಇದ್ಯಾ ಅಂತ ನೀವೇ ಸುತ್ತು ಹಾಕಿ ನೋಡಿ. ಪ್ರೆಶರ್ ಸೆನ್ಸರ್ ವಾಲ್ವ್ ಜೊತೆ ಇದ್ರೆ ಹೊಸ ರಿಮ್ಮಿಗೆ ಜೋಪಾನವಾಗಿ ಸಾಗಿಸ್ಬೇಕು, ಮುರಿದ್ರೆ ದುಬಾರಿ.

ನೂರು ಕಿಲೋಮೀಟರ್ ಒಳಗೆ ನಟ್ಟಿನ ಬಿಗಿ ಟಾರ್ಕ್ ವ್ರೆಂಚಲ್ಲಿ ಇನ್ನೊಮ್ಮೆ ನೋಡಿ. ಟ್ರಯಲ್ ಅಂದ್ರೆ ಗಾಡಿ ತುಂಬ ಜನ ಕೂರಿಸ್ಕೊಂಡು ಕುಶಾಲನಗರದವರೆಗೆ ಹೋಗಿಬನ್ನಿ, ಹಂಪಲ್ಲಿ, ಪೂರ್ತಿ ತಿರುವಲ್ಲಿ ಎಲ್ಲಾದ್ರೂ ಉಜ್ಜೋ ಸದ್ದು ಬರತ್ತಾ ಕೇಳಿ. ಇವಿಲಿ ಎಂಜಿನ್ ಸದ್ದು ಇಲ್ಲ, ಉಜ್ಜಿದ್ರೆ ತಕ್ಷಣ ಗೊತ್ತಾಗತ್ತೆ, ಟೈರಿನ ಗುಂಯ್ ಅನ್ನೋ ಸದ್ದೂ ಜಾಸ್ತಿ ಆದಂಗೆ ಅನ್ಸತ್ತೆ, ಹೆದರ್ಬೇಡಿ. ರೇಂಜ್ ಬೀಳತ್ತೆ, ಗ್ರಿಪ್ ಇರೋ ರಬ್ಬರ್ ಸಲೀಸಾಗಿ ಉರುಳಲ್ಲ. ಎಷ್ಟು ಬಿತ್ತು ಅಂತ ತಿಳೀಬೇಕಂದ್ರೆ ಹಳೇ ಟೈರಲ್ಲೇ ಗೋಣಿಕೊಪ್ಪದಿಂದ ಮೈಸೂರಿಗೆ ಹೋಗಿಬಂದು ಕಿಲೋಮೀಟರಿಗೆ ಎಷ್ಟು ಯೂನಿಟ್ ಅಂತ ಬರ್ದಿಟ್ಕೊಂಡಿರಿ, ಹೊಸದು ಹಾಕಿ ಅದೇ ರೋಡು ಅದೇ ಸ್ಪೀಡು. ಒಂದೇ ಕಡೆ ಹೋಗೋ ಲೆಕ್ಕ ಸುಳ್ಳು, ಇಳಿಜಾರು ಮೋಸ ಮಾಡತ್ತೆ.

ಗ್ರಿಪ್ ಬಂತು ಅಂತ ಘಾಟಿ ಇಳೀವಾಗ ರಿಜನ್ (ಪೆಡಲ್ ಬಿಟ್ಟಾಗ ಮೋಟರೇ ಬ್ರೇಕ್ ಹಿಡಿದು ಬ್ಯಾಟರಿ ಚಾರ್ಜ್ ಮಾಡೋದು) ಪೂರ್ತಿ ಇಟ್ಟು ಮರೀಬೇಡಿ. ಮುಂದಿನ ಚಕ್ರಕ್ಕೆ ಮೋಟರ್ ಇರೋ ಗಾಡೀಲಿ ರಿಜನ್ ಬ್ರೇಕೆಲ್ಲಾ ಮುಂದಿನ ಎರಡು ಟೈರಿಗೇ. ಮಾಕುಟ್ಟದ ಘಾಟಿ ಥರ ಎಲೆ ಕೊಳೆತು ಪಾಚಿ ಕಟ್ಟಿರೋ ನೆರಳಿನ ತಿರುವಲ್ಲಿ ಪೆಡಲ್ ಒಮ್ಮೆಲೆ ಬಿಟ್ರೆ ಬ್ರೇಕ್ ತುಳಿದಂಗೇ, ಮೂತಿ ಹೊರಗೆ ಹೋಗತ್ತೆ. ಒಂದು ಲೆವೆಲ್ ಕಮ್ಮಿ ಇಟ್ಟು ಕಾಲು ನಿಧಾನ ಬಿಡಿ. ಮನೇಲಿ ನೂರು ಪರ್ಸೆಂಟ್ ಚಾರ್ಜ್ ಮಾಡಿ ಇಳೀತಾ ಇದ್ರೆ ರಿಜನ್ ಸರಿಯಾಗಿ ಸಿಗೋದೇ ಇಲ್ಲ, ಬ್ಯಾಟರೀಲಿ ಜಾಗ ಇಲ್ವಲ್ಲ, ಬ್ರೇಕಿಗೆ ಕಾಲು ರೆಡಿ ಇರ್ಲಿ. ಮುಂದಿನ ಟೈರು ಬೇಗ ಸವೆಯೋದೂ ಇದಕ್ಕೇ, ಎಂಟು ಸಾವಿರಕ್ಕೊಮ್ಮೆ ಹಿಂದೆ ಮುಂದೆ ಬದಲಿಸಿ.

ಹಳೇ ಸೆಟ್ ಮಾರಬೇಡಿ, ನನ್ನ ಮಾತು ಕೇಳಿ. ಅವೇ ರಿಮ್ಮಿಗೆ ಟ್ರೆಡ್ (ಟೈರಿನ ಮೇಲಿನ ಗೀರು) ಆಳ ಇರೋ 215 ಹಾಕಿಟ್ರೆ ಜೂನಲ್ಲಿ ಮಳೆ ಹಿಡಿದ ತಕ್ಷಣ ಅದನ್ನ ಏರಿಸಿ ಅಗಲದ್ದನ್ನ ಇಳ್ಸಬಹುದು, ಕಕ್ಕಡ ತಿಂಗಳು ಕಳೆದು ಸೆಪ್ಟೆಂಬರ್ ಮೊದಲಿನ ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ ಮಳೆ ನೋಡ್ಕೊಂಡು ಮತ್ತೆ ವಾಪಸ್. ಕಾನೂನಲ್ಲಿ ಟ್ರೆಡ್ 1.6 ಮಿಮೀ ಇದ್ರೆ ಸಾಕು ಅಂತಾರೆ, ನಮ್ಮ ಮಳೆಗೆ ಅದು ಸಾಲಲ್ಲ, 4ಕ್ಕಿಂತ ಕಮ್ಮಿ ಆದ್ರೆ ಜೂನಿಗೆ ಬೇರೆ ನೋಡಿ. ಒಂದು ಹಳೇ ಚಕ್ರ ಸ್ಟೆಪ್ನಿಗೂ ಆಗತ್ತೆ, ಪಂಕ್ಚರ್ ಮುಂದೆ ಆಗಿದ್ರೆ ಹಿಂದಿನ ಒಳ್ಳೇ ಚಕ್ರ ಮುಂದಕ್ಕೆ ತಂದು ಸ್ಟೆಪ್ನಿ ಹಿಂದೆ ಹಾಕಿ ಅಂಗಡಿವರೆಗೆ ಹೋಗಿ. ಇಳಿಸಿದ ಸೆಟ್ಟನ್ನ ಕೆಸರು ತೊಳೆದು, ಒಣಗಿಸಿ, ಬಿಸಿಲು ಬೀಳದ ಕಡೆ ಒಂದರ ಮೇಲೊಂದು ಮಲಗಿಸಿಡಿ, ಎಲ್ಲಿ ಬಿಚ್ಚಿದ್ದು ಅಂತ ಚಾಕ್‌ಪೀಸಲ್ಲಿ ಬರೀರಿ. ಕಾಫಿ ಗೋಡೌನಲ್ಲಿ ಮಾತ್ರ ಇಡಬೇಡಿ, ಕಾಫಿ ರಬ್ಬರ್ ವಾಸನೆ ಎಳ್ಕೊಳ್ಳತ್ತೆ, ಆಮೇಲೆ ವ್ಯಾಪಾರಿ ಮೂಟೆ ಬಿಚ್ಚಿ ಮೂಸಿ ರೇಟ್ ಇಳಿಸ್ತಾನೆ.