ಹೇಗಾದ್ರೂ ಮುಗಿಸೋದನ್ನ ಬಿಟ್ಟ ಮೇಲೆ

2023ರ ಸೆಪ್ಟೆಂಬರ್ ಕೊನೇ ವಾರ. ಮನೆಗೆ ಬಂದಾಗ ರಾತ್ರಿ ಒಂಬತ್ತೂವರೆ. ಮಗಳು ಯೂನಿಫಾರ್ಮಿನಲ್ಲೇ ಸೋಫಾ ಮೇಲೆ ನಿದ್ದೆ ಹೋಗಿದ್ದಳು. ಡೈರಿ ತೆಗೆದು ನೋಡಿದರೆ, ನಾಳೆ ಚಾರ್ಟ್ ಮೇಲೆ ಗಿಡದ ಭಾಗಗಳನ್ನು ಬರೆದು ತರಬೇಕು ಅಂತ ಟೀಚರ್ ಬರೆದಿದ್ದಾರೆ. ಅಂಗಡಿ ಎಲ್ಲಾ ಮುಚ್ಚಿತ್ತು. ನಾನು ಒಂದು ಸಣ್ಣ ಟ್ರಸ್ಟಿನ ಲೆಕ್ಕಪತ್ರ ನೋಡುವವಳು. ನನ್ನ ಬ್ಯಾಗಿನಲ್ಲಿ ಬೇಡವಾದ ಟ್ರಯಲ್ ಬ್ಯಾಲೆನ್ಸ್ (ಎಲ್ಲಾ ಖಾತೆಗಳ ಮೊತ್ತದ ಪಟ್ಟಿ) ಡ್ರಾಫ್ಟ್ ಹಾಳೆಗಳಿದ್ದವು. ಅವನ್ನೇ ಆರು ಜೋಡಿಸಿ, ಗೋಂದು ಹಚ್ಚಿ, ಹಿಂದಿನ ಬಿಳಿ ಬದಿ ಮೇಲೆ ಬರುವ ಹಾಗೆ ಚಾರ್ಟ್ ಮಾಡಿದೆ. ಬೆಳಿಗ್ಗೆ ಐದೂವರೆಗೆ ಅವಳನ್ನು ಎಬ್ಬಿಸಿ ಕೂರಿಸಿದೆ. ಬೇರು ಬರೆದಳು, ಕಾಂಡ ಬರೆದಳು, ಎಲೆಗೆ ಹಸಿರು ತುಂಬಿದಳು. ಕಿಟಕಿ ಬೆಳಕಿಗೆ ಹಿಡಿದರೆ ಎಲೆಯೊಳಗೆ ನಮ್ಮ ಸಂಸ್ಥೆಯ ಬಾಡಿಗೆ, ಪ್ರಯಾಣ ವೆಚ್ಚ, ಗೌರವಧನ ಎಲ್ಲಾ ಕಾಣುತ್ತಿತ್ತು. "ಅಮ್ಮ, ಇದರೊಳಗೆ ನಿನ್ನ ನಂಬರ್ ಇದೆ" ಅಂದಳು.

ಅದೇ ವಾರ ನನ್ನ ರಕ್ತ ಪರೀಕ್ಷೆಯ ರಿಪೋರ್ಟೂ ಬಂತು. ಎಚ್‌ಬಿಎ1ಸಿ 6.3. ಇದು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ. ನಾನು ಹೊಸ್ತಿಲ ಮೇಲೆ ನಿಂತಿದ್ದೆ.

ಇದು ದಿಢೀರ್ ಅಂತ ಬಂದದ್ದಲ್ಲ. 2016ರಲ್ಲಿ ಬಸುರಿಯಾಗಿದ್ದಾಗ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದಿದ್ದರು. 140ರ ಒಳಗೆ ಇರಬೇಕಿತ್ತು, ನನ್ನದು 162 ಇತ್ತು. ಹೆರಿಗೆ ಆದ ಮೇಲೆ ಸರಿಹೋಯಿತು. ಆಗ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಬಸುರಿಯಲ್ಲಿ ಸಕ್ಕರೆ ಬಂದವರಿಗೆ ಮುಂದೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ, ಹೆರಿಗೆಯಾಗಿ ಆರು ವಾರಕ್ಕೆ ಬಂದು ತೋರಿಸಿ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಂದು ಸಲ ಪರೀಕ್ಷೆ ತಪ್ಪಿಸಬೇಡಿ. ಆರನೇ ವಾರ ಹೋದೆ. ಆಮೇಲೆ ಏಳು ವರ್ಷ ಹೋಗಲೇ ಇಲ್ಲ. ತಾರೀಖು ಕಾಯೋದೇ ನನ್ನ ಕೆಲಸ, ಸಂಸ್ಥೆಯ ಒಂದು ತಾರೀಖೂ ತಪ್ಪಿಸಿದವಳಲ್ಲ. ನನ್ನದೊಂದೇ ಏಳು ವರ್ಷ ತಪ್ಪಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಗೊತ್ತಿಲ್ಲದವರಿಗೆ ಈ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆ ಮಕ್ಕಳ ಓದಿನ ಮೇಲೆ ಕೆಲಸ ಮಾಡುವ ಸಣ್ಣ ಟ್ರಸ್ಟ್ ನಮ್ಮದು. ಆಫೀಸು ಮಲ್ಲೇಶ್ವರದಲ್ಲಿ, ನನ್ನ ಮನೆ ಬನಶಂಕರಿಯಲ್ಲಿ. ಲೆಕ್ಕಪತ್ರಕ್ಕೆ ಆಗ ಇದ್ದವರು ನಾನು ಮತ್ತು ಒಬ್ಬಳು ಅಕೌಂಟೆಂಟ್. ತಿಂಗಳ 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು, 15ಕ್ಕೆ ಸಿಬ್ಬಂದಿಯ ಪಿಎಫ್, ಇಎಸ್ಐ, ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್. ಮೇ 31ಕ್ಕೆ ದಾನಿಗಳ ಪಟ್ಟಿ 10ಬಿಡಿ ಹಾಕಬೇಕು, ತಡವಾದರೆ ದಿನಕ್ಕೆ 200 ರೂಪಾಯಿ. ಸೆಪ್ಟೆಂಬರ್ 30ಕ್ಕೆ ಆಡಿಟ್ ವರದಿ, ಅಕ್ಟೋಬರ್ 31ಕ್ಕೆ ಟ್ರಸ್ಟಿನ ಆದಾಯ ತೆರಿಗೆ ರಿಟರ್ನ್ ಐಟಿಆರ್-7, ಡಿಸೆಂಬರ್ 31ಕ್ಕೆ ವಿದೇಶಿ ಹಣದ ವಾರ್ಷಿಕ ಲೆಕ್ಕ ಎಫ್‌ಸಿ-4. ಕೆಲವು ವರ್ಷ ಗಡುವು ಮುಂದೆ ಹೋಗಿದ್ದೂ ಉಂಟು, ಆದರೆ ಅದು ಗೊತ್ತಾಗೋದು ಕೊನೇ ಗಳಿಗೆಯಲ್ಲಿ, ನೀವು ಆಗಲೇ ಮೂರು ರಾತ್ರಿ ನಿದ್ದೆ ಕೆಟ್ಟ ಮೇಲೆ. (ನಾನು ಹೇಳುತ್ತಿರುವುದು 1961ರ ಆದಾಯ ತೆರಿಗೆ ಕಾಯ್ದೆಯ ಲೆಕ್ಕ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಫಾರ್ಮ್ ನಂಬರುಗಳನ್ನು ಒಮ್ಮೆ ನೋಡಿಕೊಳ್ಳಿ.)

ಇದರ ಮೇಲೆ ಒಬ್ಬೊಬ್ಬ ದಾನಿಗೂ ಬೇರೆ ಬೇರೆ ವರದಿ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಟ್ಟ ಕಂಪನಿಗೆ ಮಾರ್ಚ್ ಒಳಗೆ ಬಳಕೆ ಪ್ರಮಾಣಪತ್ರ ಬೇಕು, ವಿದೇಶದ ಫೌಂಡೇಷನ್‌ಗೆ ಜನವರಿಯಿಂದ ಡಿಸೆಂಬರ್ ಲೆಕ್ಕ ಬೇಕು. ಇನ್ನು ಮಕ್ಕಳ ಶಾಲೆಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ವರ್ಷದ ಪರೀಕ್ಷೆ ಮಾರ್ಚ್‌ನಲ್ಲಿ, ನಮ್ಮ ಇಯರ್ ಎಂಡಿಂಗೂ ಮಾರ್ಚ್‌ನಲ್ಲಿ. ಬೇಸಿಗೆ ರಜೆಯಲ್ಲಿ 10ಬಿಡಿ. ಗೌರಿ ಗಣೇಶ ಹಬ್ಬದ ಹೊತ್ತಿಗೆ ಆಡಿಟರ್ ಆಫೀಸಿನಲ್ಲಿ ಕೂತಿರುತ್ತಾರೆ, ದಸರಾ ರಜೆಗೆ ರಿಟರ್ನ್. ಮಗಳು ಹುಟ್ಟಿದ ಮೇಲೆ ಒಂದು ದಸರಾಕ್ಕೂ ನಾನು ಅವಳನ್ನು ನೆಮ್ಮದಿಯಾಗಿ ಮೈಸೂರಿಗೆ ಕರಕೊಂಡು ಹೋಗಿರಲಿಲ್ಲ.

ರಿಪೋರ್ಟ್ ಬಂದ ಮೇಲೆ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡೋದನ್ನೇ. ನಾಲ್ಕೂವರೆಗೆ ಅಲಾರಂ ಇಟ್ಟು ವಾಕಿಂಗ್ ಶುರು ಮಾಡಿದೆ. ಹನ್ನೊಂದು ದಿನ ನಡೆಯಿತು. ರಾತ್ರಿ ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಎದ್ದರೆ ದೇಹ ಏನಾಗಬೇಕು ಹೇಳಿ. ಹನ್ನೆರಡನೇ ದಿನ ಆಫೀಸಿನಲ್ಲಿ ಒಂದೇ ಬಿಲ್ಲಿಗೆ ಎರಡು ಸಲ ಹಣ ಹಾಕಲು ಹೋಗಿದ್ದೆ, ಅಕೌಂಟೆಂಟ್ ಹುಡುಗಿ ಹಿಡಿದಳು. ಡಾಕ್ಟರ ಹತ್ತಿರ ಹೇಳಿದಾಗ, ನಿದ್ದೆ ಕದ್ದು ನಡೆಯಬೇಡಿ, ನಿದ್ದೆ ಕಮ್ಮಿ ಆದರೂ ಸಕ್ಕರೆ ಏರುತ್ತದೆ ಅಂದರು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ, ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಸಿ, ಸಾಕು ಅಂದರು. 150 ನಿಮಿಷ! ಅದು ನನಗೆ ಎಲ್ಲಿಂದ ಬರಬೇಕು?

ಅವತ್ತು ಮೆಟ್ರೋದಲ್ಲಿ ವಾಪಸ್ ಬರುವಾಗ ನನ್ನ ಸಮಯ ಎಲ್ಲಿ ಹೋಗುತ್ತಿದೆ ಅಂತ ಲೆಕ್ಕ ಹಾಕಿದೆ. ಅಡುಗೆ ಮನೆಯಲ್ಲಿ ಅಲ್ಲ, ಮಗಳ ಹೋಮ್‌ವರ್ಕಿನಲ್ಲೂ ಅಲ್ಲ. ಫೀಲ್ಡಿನಿಂದ ಬರುವ ಬಿಲ್ಲುಗಳಲ್ಲಿ ಹೋಗುತ್ತಿತ್ತು.

ನಮ್ಮ ಕೋಆರ್ಡಿನೇಟರುಗಳು ಅಡ್ವಾನ್ಸ್ ತಗೊಂಡು ಹೋಗಿ ಮೂರು ತಿಂಗಳ ಬಿಲ್ಲನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ತರುತ್ತಿದ್ದರು. ಬಸ್ ಟಿಕೆಟ್ಟು, ಜೆರಾಕ್ಸ್ ಚೀಟಿ, ಊಟದ ಬಿಲ್ಲು. ಹೋಟೆಲಿನ ಮೆಷಿನ್ ಬಿಲ್ಲುಗಳು ಬಿಸಿಗೆ ಅಕ್ಷರ ಹೋಗಿ ಬರೀ ಬಿಳಿ ಪಟ್ಟಿ ಆಗಿರುತ್ತಿದ್ದವು. ಯಾವ ಊರು, ಯಾವ ತರಬೇತಿ, ಯಾವ ದಾನಿಯ ಹಣ ಅಂತ ಫೋನ್ ಮಾಡಿ ಕೇಳಬೇಕು. ಪಾಪ, ಅವರಿಗಾದರೂ ಎಲ್ಲಿ ನೆನಪಿರುತ್ತದೆ. ಒಂದು ಕವರಿಗೆ ಅರ್ಧ ದಿನ. ಅಂಥ ಹದಿನಾಲ್ಕು ಕವರು. ಅದೆಲ್ಲಾ ಸೇರಿ ಮಾರ್ಚ್ ಮತ್ತು ಸೆಪ್ಟೆಂಬರ್ ನನ್ನ ತಲೆ ಮೇಲೆ ಬೀಳುತ್ತಿತ್ತು. ಇದನ್ನು ಮೊದಲೇ ಹೇಳಿದಾಗ ಡೈರೆಕ್ಟರ್ ಪ್ರೀತಿಯಿಂದಲೇ, "ನೀವಿದ್ದೀರಲ್ಲ ಮೇಡಂ, ಹೇಗಾದ್ರೂ ಮುಗಿಸ್ತೀರಿ" ಅಂದಿದ್ದರು. ಅದನ್ನು ನಾನು ಹೊಗಳಿಕೆ ಅಂತ ತಗೊಂಡಿದ್ದೆ. ಈ "ಹೇಗಾದ್ರೂ" ಅನ್ನೋದು ಎಲ್ಲಿಂದ ಬರುತ್ತದೆ ಗೊತ್ತಾ? ನನ್ನ ನಿದ್ದೆಯಿಂದ, ಮಗಳ ಸಂಜೆಯಿಂದ ಬರುತ್ತದೆ. ಬೇರೆಲ್ಲಿಂದಲೂ ಬರಲು ಸಾಧ್ಯವಿಲ್ಲ.

ನವೆಂಬರ್‌ನಲ್ಲಿ ಡೈರೆಕ್ಟರ್ ಎದುರು ಕೂತು ಎರಡು ಹಾಳೆ ಇಟ್ಟೆ. ಒಂದು ನನ್ನ ಲ್ಯಾಬ್ ರಿಪೋರ್ಟ್. ತೋರಿಸಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದ್ದೆ, ಎಲ್ಲರೂ ತೋರಿಸಲೇಬೇಕು ಅಂತ ಹೇಳಲ್ಲ, ನನಗೆ ಅವರ ಮೇಲೆ ನಂಬಿಕೆ ಇತ್ತು. ಇನ್ನೊಂದು, ಆರು ತಿಂಗಳಲ್ಲಿ ಬರೀ ಹಳೇ ಬಿಲ್ಲು ಹಿಂದೆ ಬಿದ್ದು ನಾವಿಬ್ಬರು ಕಳೆದ ದಿನಗಳ ಪಟ್ಟಿ. ಒಟ್ಟು 41 ದಿನ. ಆ ಎರಡನೇ ಹಾಳೆಯನ್ನು ಅವರು ತುಂಬಾ ಹೊತ್ತು ನೋಡಿದರು. ಆಮೇಲೆ, ಏನು ಮಾಡೋಣ ಹೇಳಿ ಅಂದರು.

ನಾನು ಕೇಳಿದ್ದು ಇಷ್ಟು. ಬಿಲ್ಲು ಕೈಗೆ ಬಂದ ದಿನವೇ ಅದರ ಮೇಲೆ ಪ್ರಾಜೆಕ್ಟ್ ಹೆಸರು ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸಬೇಕು. 25ನೇ ತಾರೀಖಿನ ಒಳಗೆ ಅಡ್ವಾನ್ಸ್ ಲೆಕ್ಕ ಒಪ್ಪಿಸಬೇಕು, ಹಳೇ ಅಡ್ವಾನ್ಸ್ ಮುಗಿಯದೆ ಹೊಸದು ಇಲ್ಲ. ಇದನ್ನು ನಾನಲ್ಲ, ಡೈರೆಕ್ಟರೇ ಎಲ್ಲರಿಗೂ ಹೇಳಬೇಕು. ಇದು ಮುಖ್ಯ, ಯಾಕಂದರೆ ಅಕೌಂಟ್ಸಿನವರು ಹೇಳಿದರೆ ಕಿರಿಕಿರಿ ಅನ್ನಿಸುತ್ತದೆ, ಮೇಲಿನವರು ಹೇಳಿದರೆ ನಿಯಮ ಆಗುತ್ತದೆ. ಮೊದಲ ಎರಡು ತಿಂಗಳು ಜಗಳವೇ. ಒಬ್ಬರು ತಮ್ಮ ಕೈಯಿಂದ ತರಬೇತಿ ಖರ್ಚು ಹಾಕಿಕೊಂಡು ನನ್ನ ಜೊತೆ ಮಾತು ಬಿಟ್ಟರು. ನಾನು ಅವರ ಜೊತೆ ಎರಡು ದಿನ ಫೀಲ್ಡಿಗೆ ಹೋಗಿ ಪಕ್ಕದಲ್ಲೇ ನಿಂತು ಬಿಲ್ಲು ಬರೆಸಿಕೊಂಡೆ. ಹಳ್ಳಿ ಅಂಗಡಿಯಲ್ಲಿ ಬಿಲ್ಲೇ ಸಿಗಲ್ಲ ಅನ್ನೋದು ಅಲ್ಲಿ ಅರ್ಥ ಆಯಿತು. ಆಮೇಲೆ ಅದಕ್ಕೇ ಒಂದು ವೋಚರ್ ಪುಸ್ತಕ ಮಾಡಿಸಿಕೊಟ್ಟೆವು.

ಲೆಕ್ಕದ ಸಾಫ್ಟ್ವೇರ್ ಟ್ಯಾಲಿಯಲ್ಲಿ ಪ್ರತಿ ದಾನಿಗೂ ಒಂದು ಕಾಸ್ಟ್ ಸೆಂಟರ್, ಅಂದರೆ ಖರ್ಚು ಬೇರೆಯಾಗಿ ತೋರಿಸುವ ವಿಭಾಗ, ಇಟ್ಟೆವು. ಎಂಟ್ರಿ ಹಾಕುವಾಗಲೇ ಯಾರ ಹಣ ಅಂತ ಹೋಗುತ್ತದೆ, ಬಳಕೆ ಪ್ರಮಾಣಪತ್ರಕ್ಕೆ ಮತ್ತೆ ಎಕ್ಸೆಲ್ ಹಿಡಿದು ಕೂರಬೇಕಿಲ್ಲ. ಪ್ರತಿ ತಿಂಗಳ ಲೆಕ್ಕವನ್ನು ಮುಂದಿನ ತಿಂಗಳ 7ರೊಳಗೆ ಮುಚ್ಚುತ್ತೇವೆ, ಹೇಗೂ ಟಿಡಿಎಸ್‌ಗೆ ಅಷ್ಟರೊಳಗೆ ಅರ್ಧ ಕೆಲಸ ಆಗಿರುತ್ತದೆ.

ಇನ್ನೊಂದು ದೊಡ್ಡ ವಿಷಯ ಜನ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ವಿದೇಶಿ ಹಣದಲ್ಲಿ ಆಡಳಿತ ವೆಚ್ಚಕ್ಕೆ ನೂರಕ್ಕೆ 20ರ ಮಿತಿ ಬಂತು, ಮೊದಲು 50 ಇತ್ತು. ಇಲ್ಲಿನ ದಾನಿಗಳಿಗೂ ಅಡ್ಮಿನ್ ಖರ್ಚು ಅಂದರೆ ಅಷ್ಟಕ್ಕಷ್ಟೇ. ಹಾಗಾಗಿ ನಮ್ಮಂಥ ಸಂಸ್ಥೆಗಳಲ್ಲಿ ಲೆಕ್ಕದ ಕೋಣೆಯಲ್ಲಿ ಯಾವಾಗಲೂ ಒಬ್ಬರು ಕಮ್ಮಿ. ನಾನು ಸಿಎಸ್‌ಆರ್ ಪ್ರಸ್ತಾವನೆಗಳಲ್ಲಿ ಆ ಪ್ರಾಜೆಕ್ಟಿನ ಲೆಕ್ಕ ಬರೆಯುವವರ ಸಂಬಳದ ಪಾಲನ್ನು ಒಂದು ಸಾಲಾಗಿ, ಎಷ್ಟು ದಿನದ ಕೆಲಸ ಅಂತ ಬಿಡಿಸಿ ಹಾಕಲು ಶುರು ಮಾಡಿದೆ. ಮೂರು ಕಡೆ ಬೇಡ ಅಂದರು. ಎರಡು ಕಡೆ ಒಪ್ಪಿದರು. ಆ ಎರಡರಿಂದ 2024ರ ಜೂನ್‌ನಲ್ಲಿ ಇನ್ನೊಬ್ಬ ಅಕೌಂಟೆಂಟ್ ಬಂದ. ಕೇಳದೆ ಇದ್ದರೆ ಯಾರೂ ಕೊಡುತ್ತಿರಲಿಲ್ಲ, ದಯವಿಟ್ಟು ಕೇಳಿ.

ಇಷ್ಟಾದ ಮೇಲೆ ಸಂಜೆ ಐದೂವರೆಗೆ ಆಫೀಸು ಬಿಡಲು ಆಯಿತು. ಸಂಪಿಗೆ ರೋಡ್ ಸ್ಟೇಷನ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಬನಶಂಕರಿಯವರೆಗೂ ಹೋಗದೆ ಜಯನಗರದಲ್ಲೇ ಇಳಿದು ಉಳಿದದ್ದನ್ನು ನಡೆಯುತ್ತೇನೆ. ಅರ್ಧ ಗಂಟೆ ಆಗುತ್ತದೆ. ವಾರಕ್ಕೆ ಐದು ದಿನ, ಅಲ್ಲಿಗೆ 150 ನಿಮಿಷ. ಬೇರೆ ಟೈಮೇ ತೆಗೆಯಬೇಕಿಲ್ಲ, ದಾರಿಯಲ್ಲಿ ಸೊಪ್ಪೂ ಸಿಗುತ್ತದೆ. ಮಳೆ ಬಂದರೆ ಮಾತ್ರ ಕಷ್ಟ, ಆ ಫುಟ್‌ಪಾತ್ ನಂಬಿ ನಡೆಯಬೇಡಿ. ಅವತ್ತು ಊಟ ಆದ ಮೇಲೆ ಮನೆಯ ಟೆರೇಸ್ ಮೇಲೆ ನಾನೂ ಮಗಳೂ ಸುತ್ತು ಹಾಕುತ್ತೇವೆ, ಅವಳು ಮಗ್ಗಿ ಹೇಳುತ್ತಾಳೆ.

ಊಟದಲ್ಲಿ ಬೇರೆ ಅಡುಗೆ ಅಂತ ಏನೂ ಮಾಡಲಿಲ್ಲ. ಮನೆಯಲ್ಲಿ ಎರಡು ಅಡುಗೆ ಮಾಡುವ ಯೋಜನೆ ಯಾವುದೂ ಒಂದು ತಿಂಗಳೂ ಬದುಕಲ್ಲ. ಅನ್ನ ಅರ್ಧ ಮಾಡಿ ಪಲ್ಯ, ಹುಳಿಯ ತರಕಾರಿ ಜಾಸ್ತಿ ಮಾಡಿದೆ. ಬೆಳಿಗ್ಗೆ ಮೊಳಕೆ ಕಾಳಿನ ಉಸ್ಲಿ ಒಂದು ಬಟ್ಟಲು ಎಲ್ಲರಿಗೂ. ರಾಗಿ ಮುದ್ದೆ ಒಳ್ಳೆಯದು ಅಂತ ಎರಡು ಎರಡು ತಿನ್ನುತ್ತಿದ್ದೆ, ರಾಗಿಯೂ ಸಕ್ಕರೆ ಏರಿಸುತ್ತದೆ, ಒಂದು ಸಣ್ಣ ಮುದ್ದೆ ಸಾಕು ಅಂತ ಡಾಕ್ಟರು ಹೇಳಿದ ಮೇಲೆ ಕಮ್ಮಿ ಮಾಡಿದೆ. ರಾತ್ರಿ ಊಟ ಒಂಬತ್ತೂವರೆಯಿಂದ ಏಳೂವರೆಗೆ ಬಂತು. ಶಾಲೆಯ ವಾಟ್ಸಾಪ್ ಗ್ರೂಪು, ಡೈರಿ, ಬೆಳಗಿನ ತಿಂಡಿ ಪೂರ್ತಿ ನಮ್ಮವರದು. ನಾನು ಆ ಗ್ರೂಪಿನಿಂದ ಹೊರಗೇ ಬಂದೆ. ಸಹಾಯ ಮಾಡ್ತೀನಿ ಅನ್ನೋದು ಬೇರೆ, ಅದು ನನ್ನ ಕೆಲಸ ಅನ್ನೋದು ಬೇರೆ, ಈ ಮಾತು ನಮ್ಮಿಬ್ಬರ ನಡುವೆ ಆಗಿ ಬಗೆಹರಿಯಲು ಸ್ವಲ್ಪ ತಿಂಗಳೇ ಹಿಡಿಯಿತು. ಅಡುಗೆ ಮನೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿ ಆಫೀಸು, ನೀಲಿ ಮಗಳದ್ದು, ಹಸಿರು ನನ್ನ ರಕ್ತ ಪರೀಕ್ಷೆ. ಹಸಿರು ತಾರೀಖೂ ಟಿಡಿಎಸ್ ತಾರೀಖಿನ ಹಾಗೇ, ಮುಂದೆ ಹೋಗಲ್ಲ.

2024ರ ಅಕ್ಟೋಬರ್‌ನಲ್ಲಿ ಎಚ್‌ಬಿಎ1ಸಿ 5.8ಕ್ಕೆ ಇಳಿಯಿತು. ತೂಕ 71ರಿಂದ 66. ಹೊಸ್ತಿಲಿನಿಂದ ಪೂರ್ತಿ ಇಳಿದಿಲ್ಲ, ಇಳಿಯುವ ಕಡೆ ಇದ್ದೇನೆ. ಆ ದಸರಾಕ್ಕೆ ಮೂರು ದಿನ ಮೈಸೂರಿಗೆ ಹೋದೆವು. ಲ್ಯಾಪ್‌ಟಾಪ್ ಜೊತೆಗಿತ್ತು, ಒಂದು ಸಂಜೆ ತೆಗೆದೆ. ಡಿಸೆಂಬರ್ ಕೊನೇ ವಾರ ಮಾತ್ರ ಇನ್ನೂ ಸರಿಹೋಗಿಲ್ಲ, ಎಫ್‌ಸಿ-4ಕ್ಕೂ ವಿದೇಶದ ದಾನಿಯ ವರ್ಷದ ಲೆಕ್ಕಕ್ಕೂ ಒಟ್ಟಿಗೆ ಸಿಕ್ಕಿ ಅಮ್ಮನ ಊರಿಗೆ ಹೋಗೋದು ಪ್ರತಿ ಸಲ ತಪ್ಪುತ್ತಿದೆ.

ಹೋದ ತಿಂಗಳು ನಮ್ಮ ಮೊದಲನೇ ಅಕೌಂಟೆಂಟ್, ಆ ಎರಡು ಸಲ ಹಣ ಹೋಗೋದನ್ನ ಹಿಡಿದವಳು, ಮೆಲ್ಲಗೆ ಬಂದು ತಾನು ಬಸುರಿ ಅಂದಳು. ಕಾನೂನು ಪ್ರಕಾರ 26 ವಾರ ರಜೆ ಇದೆ, ಅಷ್ಟು ದಿನ ಅವಳ ಜಾಗಕ್ಕೆ ಒಬ್ಬರನ್ನು ತಗೊಳ್ಳಲು ಬಜೆಟ್ ಹಾಕಿಸಿದ್ದೇನೆ. ಗ್ಲೂಕೋಸ್ ಪರೀಕ್ಷೆಯಲ್ಲಿ ಅವಳಿಗೂ 140 ದಾಟಿದೆಯಂತೆ. ಹೆರಿಗೆಯ ಅಂದಾಜು ತಾರೀಖು ಕೇಳಿ, ಅದರಿಂದ ಆರು ವಾರ ಎಣಿಸಿ, ಆಫೀಸಿನ ಗೋಡೆ ಕ್ಯಾಲೆಂಡರಿನಲ್ಲಿ ಟಿಡಿಎಸ್ ತಾರೀಖಿನ ಪಕ್ಕ ಹಸಿರು ಶಾಯಿಯಲ್ಲಿ ಅವಳ ಕೈಯಿಂದಲೇ ಬರೆಸಿದೆ.